ಓಡುವ ರಾಯರೂ ಓಡಿಹೋಗುವ ನಾವೂ

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ನೆಟ್ಟಗಿದ್ದರೂ ಜನ ಮೆಟ್ಟಿಲು ಹತ್ತುತ್ತಾರೆ. ವರ್ಷಪೂರ್ತಿ ಅಲ್ಲ, ನವೆಂಬರಿನಿಂದ ಜನವರಿ ಮೂರನೇ ವಾರದವರೆಗೆ ಮಾತ್ರ. ಆರೋಗ್ಯದ ಮೇಲಿನ ಪ್ರೀತಿಯಿಂದ ಎಂದುಕೊಳ್ಳಬೇಡಿ. ಆ ದಿನಗಳಲ್ಲಿ ಲಿಫ್ಟಿನಲ್ಲಿ ಓಟದ ರಾಯರು ಸಿಗುತ್ತಾರೆ.

ಮೂರನೇ ಮಹಡಿಯ ರಾಯರಿಗೆ ಹೆತ್ತವರು ಇಟ್ಟ ಹೆಸರು ಒಂದಿದೆ. ಅದು ಈಗ ಕರೆಂಟ್ ಬಿಲ್ಲಿನಲ್ಲಿ ಮಾತ್ರ ಉಳಿದಿದೆ. ವಯಸ್ಸು ಐವತ್ತಾರು, ಬ್ಯಾಂಕಿನಿಂದ ಸ್ವಯಂನಿವೃತ್ತಿ. ಲಿಫ್ಟಿನ ಬಾಗಿಲು ಪೂರ್ತಿ ಮುಚ್ಚಿಕೊಳ್ಳುವ ತನಕ ಸುಮ್ಮನಿದ್ದು, ಇನ್ನು ನೀವು ಎಲ್ಲಿಗೂ ಹೋಗುವಂತಿಲ್ಲ ಎಂದು ಖಾತ್ರಿಯಾದ ಮೇಲೆ, "ಈ ಸಲ ಮುಂಬಯಿ ಸಾರ್. ಫುಲ್ಲು" ಎನ್ನುತ್ತಾರೆ. ಫುಲ್ಲು ಎಂದರೆ ಊಟದ್ದೂ ಅಲ್ಲ, ಬಾಟಲಿನದೂ ಅಲ್ಲ. ಪೂರ್ತಿ ಮ್ಯಾರಥಾನು: 42 ಕಿಲೋಮೀಟರು, ಮೇಲೆ 195 ಮೀಟರು.

"ಆ 195 ಮೀಟರು ಯಾಕೆ ಗೊತ್ತಾ ಸಾರ್?" ಗೊತ್ತು, ಹೋದ ವರ್ಷವೂ ಹೇಳಿದ್ದರು. 1908ರ ಲಂಡನ್ ಒಲಿಂಪಿಕ್ಸಿನಲ್ಲಿ ವಿಂಡ್ಸರ್ ಅರಮನೆಯ ಬಳಿ ಹೊರಟು, ಕ್ರೀಡಾಂಗಣದಲ್ಲಿ ರಾಜಮನೆತನದವರು ಕೂರುವ ಜಾಗದೆದುರು ಮುಗಿಯುವಂತೆ ದಾರಿ ಗೊತ್ತುಮಾಡಿದರು. 1921ರಲ್ಲಿ ಅದೇ ಅಳತೆ ಕಾಯಂ ಆಯಿತು. "ಯಾರೋ ರಾಜರಾಣಿ ಆರಾಮಾಗಿ ಕೂತು ನೋಡ್ಲಿ ಅಂತ ನಾವು ಇವತ್ತಿಗೂ ಓಡ್ತಾ ಇದೀವಿ ನೋಡಿ" ಎಂದು ನಗುತ್ತಾರೆ. ಅಷ್ಟರಲ್ಲಿ ಅವರ ಮೂರನೇ ಮಹಡಿ ಬಂದು ಹೋಗಿರುತ್ತದೆ. ರಾಯರು ಇಳಿಯುವುದಿಲ್ಲ. ನನ್ನ ಜೊತೆ ನಾಲ್ಕಕ್ಕೆ ಬರುತ್ತಾರೆ, ಯಾಕೆಂದರೆ ಮಾತು ಇನ್ನೂ ಒಲಿಂಪಿಕ್ಸಿನಲ್ಲಿದೆ, ಓಟದ ಹೆಸರಲ್ಲಿ ಕ್ಯಾನ್ಸರ್ ರೋಗಿಗಳಿಗೆ ಎತ್ತುವ ಚಂದಾಕ್ಕೆ ಬಂದಿಲ್ಲ.

ರಾಯರು ಹುಟ್ಟಾ ಓಟಗಾರರಲ್ಲ. ಬಸ್ಸು ಹಿಡಿಯುವುದಕ್ಕೂ ಓಡಿದವರಲ್ಲ. "ಹಿಂದೆ ಇನ್ನೊಂದು ಖಾಲಿ ಬರುತ್ತೆ" ಎನ್ನುವ ಪಂಥಕ್ಕೆ ಸೇರಿದವರು. ಶುಗರ್ ಬಂದಾಗ ಡಾಕ್ಟರು ದಿನಾ ಮುಕ್ಕಾಲು ಗಂಟೆ ನಡೆಯಿರಿ ಎಂದರು. ಕಬ್ಬನ್ ಪಾರ್ಕಿನಲ್ಲಿ ನಡೆಯುತ್ತಿದ್ದ ರಾಯರನ್ನು ಒಂದು ಭಾನುವಾರ ಬೆಳಿಗ್ಗೆ ಓಟದವರ ಗುಂಪೊಂದು ಹಿಂದಿನಿಂದ ಬಂದು ದಾಟಿಹೋಯಿತು. ಆ ಗುಂಪಿನ ಕೊನೆಯಲ್ಲಿ ಅವರಿಗಿಂತ ಹತ್ತು ವರ್ಷಕ್ಕೆ ಹಿರಿಯರಾದ, ಸೀರೆಯ ಮೇಲೆ ಸ್ವೆಟರು, ಕೆಳಗೆ ಕ್ಯಾನ್ವಾಸ್ ಬೂಟು ತೊಟ್ಟ ಹೆಂಗಸೊಬ್ಬರಿದ್ದರಂತೆ. ದಾಟುವಾಗ "ಸ್ವಲ್ಪ ಜಾಗ ಬಿಡಪ್ಪಾ" ಎಂದರಂತೆ. ರಾಯರ ಕ್ರೀಡಾಜೀವನ ಅಲ್ಲಿಂದ ಶುರು. ಮೊದಲು ಹತ್ತು ಕಿಲೋಮೀಟರು, ಮರುವರ್ಷ ಹಾಫು, ಆಮೇಲೆ ಫುಲ್ಲು.

ಈಗ ಅವರ ಭಾಷೆಯೇ ಬೇರೆ. ಹೇಗಿದೀರಿ ಎಂದರೆ "ಏಳೂವರೆ" ಎನ್ನುತ್ತಾರೆ. ಕಿಲೋಮೀಟರಿಗೆ ಏಳೂವರೆ ನಿಮಿಷ ಎಂದು ಅರ್ಥ. ಮದುವೆಮನೆಯಲ್ಲಿ ನಾಲ್ಕನೇ ಹೋಳಿಗೆ ಹಾಕಿಸಿಕೊಂಡರೆ ಅದು ತಿನ್ನುವುದಲ್ಲ, ಕಾರ್ಬ್ ಲೋಡಿಂಗ್. ಮಂಡಿಗೆ ನೀಲಿ ಪಟ್ಟಿ, ಕೈಗೆ ಅಂಗೈಯಗಲದ ವಾಚು. ಆ ವಾಚು ನಿದ್ದೆಯನ್ನೂ ಅಳೆಯುತ್ತದೆ. ಬೆಳಿಗ್ಗೆ ಎದ್ದ ರಾಯರು ರಾತ್ರಿ ತಮಗೆ ಚೆನ್ನಾಗಿ ನಿದ್ದೆ ಬಂತೋ ಇಲ್ಲವೋ ಎಂದು ಅದನ್ನೇ ಕೇಳುತ್ತಾರೆ. ಒಮ್ಮೆ ನಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತ ಕಾಲ್ಚೀಲ ಸರಿಸಿ ಹೆಬ್ಬೆರಳು ತೋರಿಸಿದರು. ಉಗುರು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. "ಇದು ಬಿದ್ದು ಹೋಗುತ್ತೆ ಸಾರ್, ಹೊಸದು ಬರುತ್ತೆ" ಎಂದರು, ಕಾರು ಬದಲಾಯಿಸುವವರ ಧಾಟಿಯಲ್ಲಿ. ಚಕ್ಕುಲಿ ಹಿಡಿದಿದ್ದ ನನ್ನ ಕೈ ತಟ್ಟೆಗೆ ವಾಪಸ್ಸು ಹೋಯಿತು.

ಇದು ಒಬ್ಬ ರಾಯರ ಕತೆಯಲ್ಲ. ಇದೊಂದು ಕುಲ, ಒಳಪಂಗಡಗಳೂ ಇವೆ. ಸೈಕಲ್ ಪಂಗಡದವರು 'ಬ್ರೆವೆ' ಎಂದುಕೊಂಡು 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ತುಳಿಯುತ್ತಾರೆ. ಅದು ಬಾಲಪಾಠ, ಮುಂದೆ 600, ಅದರಾಚೆಗೂ ಇದೆ. ಐರನ್‌ಮ್ಯಾನ್ ಪಂಗಡದವರು 3.8 ಕಿಲೋಮೀಟರು ಈಜಿ, 180 ಕಿಲೋಮೀಟರು ಸೈಕಲ್ ತುಳಿದು, ಇಷ್ಟಕ್ಕೇ ಮನೆಗೆ ಹೋದರೆ ಚೆನ್ನಾಗಿರುವುದಿಲ್ಲ ಎಂದು ಒಂದು ಮ್ಯಾರಥಾನನ್ನೂ ಓಡುತ್ತಾರೆ. ಪಂಗಡ ಯಾವುದಾದರೂ ಕೊನೆಯ ವಾಕ್ಯ ಒಂದೇ: "ಲಿಂಕ್ ಕಳಿಸಿದೀನಿ, ನೋಡಿದ್ರಾ?"

ಲಿಂಕು ಒತ್ತಿದರೆ ರಾಯರ ಫೋಟೋ. ಪಕ್ಕದಲ್ಲಿ ಒಂದು ಹಸಿರು ಪಟ್ಟಿ: ಗುರಿ ಮೂರು ಲಕ್ಷ, ಬಂದದ್ದು ಇಷ್ಟು. ಯಾರು ಎಷ್ಟು ಕೊಟ್ಟರು ಎಂಬುದೂ ಕಾಣುತ್ತದೆ. ಗಣೇಶನ ಚಂದಾ ಪುಸ್ತಕದಲ್ಲಿ ಹಿಂದಿನ ಹಾಳೆ ತಿರುವಿ, ಎದುರುಮನೆಯವರು ಕೊಟ್ಟಿದ್ದಕ್ಕೆ ಐವತ್ತು ರೂಪಾಯಿ ಜಾಸ್ತಿ ಬರೆದವರ ಮಕ್ಕಳೇ ಅಲ್ಲವೇ ನಾವು? ಇಲ್ಲೂ ಅದೇ. ಪಾರ್ಕಿಂಗ್ ವಿಷಯಕ್ಕೆ ಮಾತು ಬಿಟ್ಟಿದ್ದ ಎರಡು ಮನೆಗಳು ಈ ಪಟ್ಟಿಯ ಮೇಲೆ ಒಂದು ತಿಂಗಳು ಸೆಣಸಿ, ಕ್ಯಾನ್ಸರ್ ರೋಗಿಗಳಿಗೆ ಇಪ್ಪತ್ತೆರಡು ಸಾವಿರ ಲಾಭ ಮಾಡಿಕೊಟ್ಟವು.

ನಾನೂ ಸುಲಭಕ್ಕೆ ಬಗ್ಗಿದವನಲ್ಲ. "ದಾನಕ್ಕೆ ಸಿಗೋ 80ಜಿ ವಿನಾಯಿತಿ ಹಳೇ ತೆರಿಗೆ ಪದ್ಧತಿಯವರಿಗೆ ಮಾತ್ರ ರಾಯರೇ. ನಾನು ಹೊಸ ಪದ್ಧತಿಗೆ ಹೋಗಿಬಿಟ್ಟೆ" ಎಂದೆ. ಇಡೀ ಆದಾಯ ತೆರಿಗೆ ಕಾಯಿದೆಯಲ್ಲಿ ನನಗೆ ಗೊತ್ತಿದ್ದದ್ದು ಅದೊಂದೇ. ರಾಯರು ಕೈ ಮುಗಿದರು. "ಹಾಗಾದ್ರೆ ನಿಮ್ಮದು ನಿಷ್ಕಾಮ ಕರ್ಮ ಸಾರ್. ಫಲವೇ ಇಲ್ಲ. ನಿಮ್ಮಂಥೋರಿಂದಲೇ ಮೊದಲು ತಗೋಬೇಕು." ಬ್ಯಾಂಕಿನಲ್ಲಿ ಮೂವತ್ತು ವರ್ಷ ಸಾಲ ವಸೂಲಿ ಮಾಡಿದ ನಾಲಿಗೆ ಅದು.

ನಮ್ಮಮ್ಮನಿಗೆ ಎಂಬತ್ತೆರಡು ವರ್ಷ. ನಾವೆಲ್ಲ ಕೇಳಲು ಹಿಂಜರಿಯುತ್ತಿದ್ದ ಪ್ರಶ್ನೆಯನ್ನು ಅವರೇ ಕೇಳಿದರು: "ಅಲ್ಲಪ್ಪಾ, ಓಡದೇ ಕೇಳಿದ್ರೆ ಜನ ಕೊಡಲ್ವೇ?"

"ಕೇಳಿ ನೋಡಿದೆ ಅಮ್ಮ, ಮೊದಲನೇ ವರ್ಷ. ನೋಟಿಸ್ ಬೋರ್ಡಿಗೆ ಚೀಟಿ ಅಂಟಿಸಿದ್ದೆ. ಆರು ವಾರಕ್ಕೆ ಏಳುನೂರು ರೂಪಾಯಿ ಬಂತು. ಅದ್ರಲ್ಲಿ ಐನೂರು ನನ್ನದೇ."

ಅಮ್ಮನಿಗೆ ಥಟ್ಟನೆ ಅರ್ಥವಾಯಿತು. "ಹಾಗನ್ನು. ಇದು ಹರಕೆ. ಧರ್ಮಸ್ಥಳಕ್ಕೆ ನಡ್ಕೊಂಡು ಹೋಗಲ್ವಾ, ಉರುಳು ಸೇವೆ ಮಾಡಲ್ವಾ, ಹಂಗೆ. ಮೈ ನೋಯಿಸ್ಕೊಂಡು ಕೇಳಿದ್ರೆ ದೇವರೇ ಕೊಡ್ತಾನಂತೆ, ಈ ಬಿಲ್ಡಿಂಗಿನೋರು ಯಾವ ಲೆಕ್ಕ." ಒಳಗೆ ಹೋಗಿ ಸಾಸಿವೆ ಡಬ್ಬಿಯಿಂದ ಐನೂರ ಒಂದು ರೂಪಾಯಿ ತಂದು, ಎಲೆ ಅಡಿಕೆ ಇಟ್ಟು ಕೊಟ್ಟರು. ರಾಯರು ರಸೀದಿ ಬರೆದುಕೊಟ್ಟರು. ಮನೆಯಲ್ಲಿ ಹಿರಿಯರು ಕೊಟ್ಟ ಮೇಲೆ ನಾನು ಸಾವಿರಕ್ಕಿಂತ ಕೆಳಗೆ ಇಳಿಯುವ ಹಾಗಿರಲಿಲ್ಲ. ಅಮ್ಮ ಅವರ ಕಡೆಯವರೇ ಇರಬೇಕೆಂದು ನನಗೆ ಇವತ್ತಿಗೂ ಅನುಮಾನ.

ಆದರೆ ಕ್ಯಾನ್ಸರೇ ಯಾಕೆ ಎಂದು ಅಮ್ಮ ಕೇಳಿದಾಗ ರಾಯರು ಮೊದಲ ಸಲ ನಿಧಾನವಾಗಿ ಮಾತಾಡಿದರು. ಒಂದು ದೊಡ್ಡಾಸ್ಪತ್ರೆಯ ಹತ್ತಿರದ ಶಾಖೆಯಲ್ಲಿ ಅವರು ನಾಲ್ಕು ವರ್ಷ ಚಿನ್ನದ ಸಾಲದ ಕೌಂಟರಿನಲ್ಲಿ ಕೂತಿದ್ದರಂತೆ. ರೇಡಿಯೇಷನ್ ಎಂದರೆ ಸಾಮಾನ್ಯವಾಗಿ ವಾರಕ್ಕೆ ಐದು ದಿನ, ಐದಾರು ವಾರ. ರಾಯಚೂರಿನ ಕಡೆಯಿಂದ ಬಂದವರು ದಿನಾ ಊರಿಗೆ ಹೋಗಿಬರಲಾರರು. ಸರ್ಕಾರಿ ಕಾರ್ಡಿನಲ್ಲಿ ಚಿಕಿತ್ಸೆ ನಡೆದರೂ ರೂಮು, ಊಟ, ಆಟೋ, ಜೊತೆಗಿದ್ದವರ ತಪ್ಪಿಹೋದ ಕೂಲಿ ಯಾವ ಕಾರ್ಡಿನಲ್ಲೂ ಬರುವುದಿಲ್ಲ. "ಮೊದಲನೇ ಸಲ ಬಳೆ ತರೋರು. ಎರಡನೇ ಸಲ ಓಲೆ. ಮೂರನೇ ಸಲ ಸೆರಗಿನ ಗಂಟು ಬಿಚ್ಚಿ ಮಾಂಗಲ್ಯದ ಸರ ಇಡೋರು. ನಾನು ತೂಕ ಹಾಕ್ತಿದ್ದೆ. ಮುಖ ನೋಡ್ತಿರ್ಲಿಲ್ಲ." ಅಷ್ಟು ಹೇಳಿ ಕಾಫಿ ಮುಗಿಸಿ, "ನಿಮ್ಮ ಷಡ್ಡಕರ ನಂಬರ್ ಕೊಡಿ ಸಾರ್" ಎಂದರು. ಷಡ್ಡಕರು ಈಗ ನನ್ನ ಫೋನು ಎತ್ತುವುದಿಲ್ಲ.

ರಾಯರ ಹಾಲಿನಲ್ಲಿ ಅವರ ಪದಕಗಳ ನಡುವೆ ಒಂದು ಫೋಟೋ ಇದೆ: ಗುಂಗುರು ಕೂದಲು, ಒಂದು ಕಾಲು ಲೋಹದ್ದು. ಕೆನಡಾದ ಟೆರಿ ಫಾಕ್ಸ್. ಮೂಳೆ ಕ್ಯಾನ್ಸರಿನಿಂದ 1977ರಲ್ಲಿ ಬಲಗಾಲನ್ನು ಮಂಡಿಯ ಮೇಲೆ ಕತ್ತರಿಸಿದ್ದರು. 1980ರ ಏಪ್ರಿಲಿನಲ್ಲಿ ಆ ಹುಡುಗ ಕೃತಕ ಕಾಲನ್ನು ಅಟ್ಲಾಂಟಿಕ್ ಸಮುದ್ರದಲ್ಲಿ ಅದ್ದಿ, ದೇಶದ ಆ ತುದಿಗೆ ಹೊರಟ. ದಿನಕ್ಕೆ ಸುಮಾರು ಒಂದು ಮ್ಯಾರಥಾನಿನಂತೆ 143 ದಿನ, 5,373 ಕಿಲೋಮೀಟರು. ಒಬ್ಬೊಬ್ಬ ದೇಶವಾಸಿಯಿಂದ ಒಂದು ಡಾಲರು ಎಂಬುದು ಅವನ ಲೆಕ್ಕ. ಕ್ಯಾನ್ಸರು ಶ್ವಾಸಕೋಶಕ್ಕೆ ಹಬ್ಬಿ ಓಟ ನಡುದಾರಿಯಲ್ಲಿ ನಿಂತಿತು. ಮರುವರ್ಷದ ಜೂನಿನಲ್ಲಿ ತೀರಿಹೋದಾಗ ಅವನಿಗೆ ಇಪ್ಪತ್ತೆರಡು ವರ್ಷ. ಅಷ್ಟರೊಳಗೆ ದೇಶದ ಜನಸಂಖ್ಯೆಯಷ್ಟು ಡಾಲರು, 2 ಕೋಟಿ 40 ಲಕ್ಷಕ್ಕೂ ಮಿಕ್ಕಿ, ಸೇರಿತ್ತು. "ನಮ್ಮ ಕುಲದ ಮೂಲಪುರುಷ" ಎನ್ನುತ್ತಾರೆ ರಾಯರು. ಫೋಟೋಕ್ಕೆ ಹಾರ ಹಾಕಿಲ್ಲ. ಅದರ ಕೆಳಗೆ ಓಡುವ ಬೂಟುಗಳನ್ನು ಒಣಗಲು ಇಟ್ಟಿರುತ್ತಾರೆ.

ಜನವರಿಯಲ್ಲಿ ಮುಂಬಯಿ ಓಟದ ಭಾನುವಾರ ಬಂತು. ರಾಯರು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಲೈವ್ ಲೊಕೇಶನ್ ಹಾಕಿ ಓಡತೊಡಗಿದರು. ನೀರಿನ ಟ್ಯಾಂಕರು ಬಿಟ್ಟು ಬೇರೆ ಯಾವುದಕ್ಕೂ ಒಗ್ಗಟ್ಟಾಗದ ಗುಂಪು ಅಂದು ಬೆಳಿಗ್ಗೆ ಒಂದು ನೀಲಿ ಚುಕ್ಕಿಯ ಹಿಂದೆ ಬಿತ್ತು. ಚುಕ್ಕಿ ಮರೀನ್ ಡ್ರೈವ್ ದಾಟಿತು, ಸಮುದ್ರದ ಮೇಲಿನ ಸೇತುವೆ ದಾಟಿತು. ವಾಪಸ್ಸು ಬರುವಾಗ, ಪೆಡ್ಡರ್ ರೋಡಿನ ಏರಿನಲ್ಲಿ, ನಿಂತುಬಿಟ್ಟಿತು.

ಒಂದು ನಿಮಿಷ. ಮೂರು ನಿಮಿಷ. "ಏನಾಯ್ತು?" "ಕಾಲು ಹಿಡ್ಕೊಂಡಿರಬೇಕು." "ವಯಸ್ಸಾಯ್ತಲ್ಲ." ಅಮ್ಮ ದೇವರ ಮುಂದೆ ಇನ್ನೊಂದು ದೀಪ ಹಚ್ಚಿದರು. ಎರಡನೇ ಮಹಡಿಯವರು, ನವೆಂಬರಿನಿಂದ ಮೆಟ್ಟಿಲಲ್ಲೇ ಓಡಾಡಿದವರು, "ಪಾಪ, ನಾನು ಏನೂ ಕೊಟ್ಟಿರಲಿಲ್ಲ" ಎಂದು ಬರೆದು ಐದು ಸಾವಿರ ಕಳಿಸಿದರು. ಅವರನ್ನು ನೋಡಿ ಇನ್ನೊಬ್ಬರು. ಚುಕ್ಕಿ ನಿಂತದ್ದು ಒಂಬತ್ತು ನಿಮಿಷ. ಅಷ್ಟರಲ್ಲಿ ಬಂದದ್ದು ಹದಿನೆಂಟು ಸಾವಿರ. ಆಮೇಲೆ ಚುಕ್ಕಿ ಅಲುಗಿತು. ಹಸಿರು ಪಟ್ಟಿ ಮೂರು ಲಕ್ಷ ದಾಟಿ ನಿಂತಿತು.

ಊರಿಗೆ ಬಂದ ರಾಯರನ್ನು ಲಿಫ್ಟಿನಲ್ಲಿ ಹಿಡಿದು ಕೇಳಿದೆ, ಏನಾಗಿತ್ತು ಎಂದು.

"ಅಲ್ಲೊಬ್ರು ಹುಬ್ಬಳ್ಳಿ ಕಡೆಯೋರು ರಸ್ತೆ ಪಕ್ಕ ನಿಂತು 'ಓಡ್ರೀ, ಓಡ್ರೀ' ಅಂದ್ರು ಸಾರ್. ಮುಂಬಯಿಯಲ್ಲಿ ಕನ್ನಡ ಕೇಳಿದ್ಮೇಲೆ ಬಿಟ್ಟು ಹೋಗೋಕಾಗುತ್ತಾ? ಬೆನ್ನಿನ ಮೇಲಿನ ಕ್ಯೂಆರ್ ಕೋಡ್ ತೋರಿಸ್ದೆ. ಅವರ ನೆಟ್‌ವರ್ಕ್ ಸ್ವಲ್ಪ ನಿಧಾನ."

ಎರಡು ತಿಂಗಳು ನಾಲ್ಕು ಮಹಡಿ ಹತ್ತಿ ಇಳಿದು ನನ್ನ ತೂಕ ಎರಡು ಕಿಲೋ ಕಡಿಮೆಯಾಗಿದೆ, ಎಡಮಂಡಿ ಕಟಕಟ ಅನ್ನುತ್ತಿದೆ. ಲೆಕ್ಕ ಹಾಕಿದರೆ ನಾನು ತಪ್ಪಿಸಿಕೊಳ್ಳುವುದಕ್ಕೆ ಪಟ್ಟ ಪಾಡು ರಾಯರ ಫುಲ್ಲಿಗೇನೂ ಕಡಿಮೆಯಿಲ್ಲ, ಆದರೆ ಅದರಿಂದ ಒಬ್ಬ ರೋಗಿಗೂ ಒಂದು ರಾತ್ರಿಯ ಹಾಸಿಗೆ ಸಿಗಲಿಲ್ಲ. ನಿಮ್ಮ ಬಿಲ್ಡಿಂಗಿನಲ್ಲೂ ಒಬ್ಬರು ರಾಯರು ಇದ್ದೇ ಇರುತ್ತಾರೆ. ದುಡ್ಡು ಅವರ ಖಾತೆಗಲ್ಲ, ರೋಗಿಗಳಿಗೆ ನೆರವಾಗುವ ಸಂಸ್ಥೆಯ ಖಾತೆಗೇ ಹೋಗುತ್ತದೆಯೇ ಎಂದು ನೋಡಿ, ರಸೀದಿ ಕೇಳಿ, ಕೈಲಾದಷ್ಟು ಕೊಟ್ಟುಬಿಡಿ. ಆಮೇಲೆ ಧೈರ್ಯವಾಗಿ ಲಿಫ್ಟಿನಲ್ಲೇ ಓಡಾಡಿ. ಮಂಡಿ ಚಿಕಿತ್ಸೆಗಿಂತ ಅಗ್ಗ.