ಲಕ್ಷದ ಡಬ್ಬಿ, ರೈಸ್ ಮಿಲ್ಲಿನ ಸದ್ದು

ಸಿಂಧನೂರು, ಮಸ್ಕಿ, ಲಿಂಗಸುಗೂರು ಈ ಮೂರರಲ್ಲಿ ಯಾವ ಊರಲ್ಲಾದರೂ ರೆಕಾರ್ಡಿಂಗ್ ಸ್ಟುಡಿಯೋ ತೆರೆಯಲು ಹೊರಟವರಿಗೆ ಕಂಪ್ಯೂಟರಿನ ವಿಷಯದಲ್ಲಿ ಗೊಂದಲವಿಲ್ಲ. ದುಡ್ಡು ಮುಗಿದಲ್ಲಿಗೆ ಆಯ್ಕೆಯೂ ಮುಗಿಯುತ್ತದೆ. ಮೈಕಿನದೂ ಹೆಚ್ಚುಕಡಿಮೆ ಹಾಗೆಯೇ. ತಕರಾರು ಹುಟ್ಟುವುದು ಮೈಕಿಗೂ ಕಂಪ್ಯೂಟರಿಗೂ ನಡುವೆ ಕೂರುವ ಪ್ರೀಆಂಪ್ ಎಂಬ ಡಬ್ಬಿಯಿಂದ. ಜಾತ್ರೆಯ ಹಾಡು, ಭಜನಾ ಪದ, ಟ್ರ್ಯಾಕ್ಟರ್ ಮೇಲೆ ಬಾರಿಸುವ ಜಾನಪದ ಡಿಜೆ ಹಾಡು, ಐದು ವರ್ಷಕ್ಕೊಮ್ಮೆ ಎಲ್ಲ ಪಕ್ಷಗಳಿಗೂ ಒಂದೇ ಧಾಟಿಯಲ್ಲಿ ಹೆಸರು ಮಾತ್ರ ಬದಲಿಸಿ ಹಾಡಿಕೊಡುವ ಚುನಾವಣೆಯ ಹಾಡು, ಇಷ್ಟರ ಸಲುವಾಗಿ ಇಂಗ್ಲೆಂಡಿನಲ್ಲಿ ತಯಾರಾದ, ಲಕ್ಷ ದಾಟುವ ನೀವ್ 1073ರ ಜಾತಿಯ ಡಬ್ಬಿ ಬೇಕೋ, ಮೈಕನ್ನು ಕಂಪ್ಯೂಟರಿಗೆ ಸೇರಿಸುವ ಇಂಟರ್‌ಫೇಸಿನೊಳಗೇ ಪುಕ್ಕಟೆ ಬಂದದ್ದು ಸಾಕೋ ಎಂಬುದು ಪ್ರಶ್ನೆ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ, ಬೈಯುವವರಿಗೆ ಅನುಕೂಲವಾಗಲಿ: ಈ ಮೂರು ಊರುಗಳಲ್ಲಿ ಪ್ರೀಆಂಪ್ ಕೊಳ್ಳುವ ಪಟ್ಟಿಯ ಕಟ್ಟಕಡೆಗೆ ಬರಬೇಕಾದ ವಸ್ತು. ಅದಕ್ಕಿಂತ ಮೊದಲು ಬಾಗಿಲು, ಅರ್ಥಿಂಗಿನ ಗುಂಡಿ, ಗಾಯಕನ ಬಾಯಿಗೂ ಮೈಕಿಗೂ ನಡುವಿನ ಗೇಣು, ಈ ಮೂರರ ಇತ್ಯರ್ಥವಾಗಬೇಕು.

ಪ್ರೀಆಂಪಿನ ಕೆಲಸ ಸರಳ. 1966ರಿಂದ ಜಗತ್ತಿನ ವೇದಿಕೆಗಳನ್ನೆಲ್ಲ ಆಳುತ್ತಿರುವ ಶೂರ್ ಎಸ್‌ಎಂ58 ಮೈಕನ್ನೇ ತೆಗೆದುಕೊಳ್ಳಿ. ಅದರ ಮುಂದೆ 94 ಡೆಸಿಬೆಲ್ ಜೋರಿನಲ್ಲಿ, ಅಂದರೆ ಹತ್ತಿರ ನಿಂತು ಗಟ್ಟಿಯಾಗಿ ಹಾಡಿದರೆ, ಹೊರಬರುವುದು ಸುಮಾರು 1.85 ಮಿಲಿವೋಲ್ಟ್. ಕಂಪ್ಯೂಟರಿನ ಕಡೆಯ ಯಂತ್ರ ಕೇಳುವುದು ಒಂದು ವೋಲ್ಟಿನ ಆಸುಪಾಸು. ಹಾಗಾಗಿ ಐನೂರು ಆರುನೂರು ಪಟ್ಟು ಹಿಗ್ಗಿಸಬೇಕು. ಹಿಗ್ಗಿಸುವಾಗ ಡಬ್ಬಿ ತನ್ನದೂ ಒಂದಿಷ್ಟು 'ಸುಯ್' ಸೇರಿಸುತ್ತದೆ. ದುಬಾರಿ ಡಬ್ಬಿ ಕಡಿಮೆ ಸುಯ್ ಅನ್ನುತ್ತದೆ, ಅಗ್ಗದ್ದು ಹೆಚ್ಚು. ಆದರೆ ಎಷ್ಟು ಹೆಚ್ಚು? 150 ಓಮಿನ ಯಾವುದೇ ರೆಸಿಸ್ಟರ್ ತನ್ನೊಳಗಿನ ಎಲೆಕ್ಟ್ರಾನುಗಳ ಚಡಪಡಿಕೆಯಿಂದ ಸುಮಾರು ಮೈನಸ್ 131 ಡಿಬಿಯುನಷ್ಟು (ವೋಲ್ಟನ್ನು ಡೆಸಿಬೆಲ್ಲಿನಲ್ಲಿ ಹೇಳುವ ಅಳತೆ) ಸದ್ದು ಮಾಡಿಯೇ ಮಾಡುತ್ತದೆ. ಅದು ಪ್ರಕೃತಿ ಹಾಕಿದ ಗೆರೆ, ಯಾವ ಕಂಪನಿಯೂ ದಾಟಲಾರದು. ಒಳ್ಳೆಯ ಡಬ್ಬಿಗಳು ಮೈನಸ್ 129ರ ಹತ್ತಿರ ನಿಲ್ಲುತ್ತವೆ, ಇಂದಿನ ಅಗ್ಗದ ಇಂಟರ್‌ಫೇಸುಗಳು ಮೈನಸ್ 126ರ ಹತ್ತಿರ. ಇಡೀ ಜಗಳ ಈ ಮೂರು ಡೆಸಿಬೆಲ್ಲಿನದು. (ಈ ಚಡಪಡಿಕೆ ಸೆಖೆಗೆ ಹೆಚ್ಚುತ್ತದೆ ಎಂಬುದೂ ನಿಜ. 20 ಡಿಗ್ರಿಯಿಂದ 45 ಡಿಗ್ರಿಗೆ ಏರಿದರೆ ಮೂರನೇ ಒಂದು ಡೆಸಿಬೆಲ್ ಜಾಸ್ತಿಯಾಗುತ್ತದೆ. ರಾಯಚೂರು ಜಿಲ್ಲೆಯ ಮೇ ತಿಂಗಳಲ್ಲಿ ಹಾಡುವವನ ಚಡಪಡಿಕೆ ಅದಕ್ಕಿಂತ ಬಹಳ ಹೆಚ್ಚಿರುವುದರಿಂದ ಎಲೆಕ್ಟ್ರಾನುಗಳನ್ನು ಕ್ಷಮಿಸಬಹುದು.)

ಈಗ ಕೋಣೆಗೆ ಬನ್ನಿ. ಫ್ಯಾನ್ ತಿರುಗುವ, ಕಿಟಕಿಯಾಚೆ ರಸ್ತೆಯಿರುವ ಸಾಧಾರಣ ಕೋಣೆಯ ಸದ್ದು 40 ಡೆಸಿಬೆಲ್ ಎಂದು ಹಿಡಿಯಿರಿ. ಇದು ನಾನು ಸಿಂಧನೂರಿಗೆ ತೋರಿಸುತ್ತಿರುವ ಔದಾರ್ಯ. ತುಂಗಭದ್ರಾ ಎಡದಂಡೆ ಕಾಲುವೆಯ ಕೃಪೆಯಿಂದ ಭತ್ತ ಬೆಳೆಯುವ, ಬೆಳೆದದ್ದನ್ನು ಮಿಲ್ಲಿಗೆ ಹಾಕುವ ಊರಲ್ಲಿ ಮಿಲ್ಲಿನ ಬ್ಲೋವರು, ಕಟಾವಿನ ಯಂತ್ರ, ಲಾರಿಯ ಹಾರನ್ನು ಇವನ್ನೆಲ್ಲ ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಆ 40 ಡೆಸಿಬೆಲ್ ಎಸ್‌ಎಂ58ರ ಮೂಲಕ ಹಾದು ಮೈನಸ್ 106 ಡಿಬಿಯು ಆಗಿ ಹೊರಬರುತ್ತದೆ. ಅಗ್ಗದ ಪ್ರೀಆಂಪಿನ ಸದ್ದಿಗಿಂತ ಇದು 20 ಡೆಸಿಬೆಲ್ ಮೇಲೆ, ವೋಲ್ಟಿನ ಲೆಕ್ಕದಲ್ಲಿ ಹತ್ತು ಪಟ್ಟು. ಕಂಡೆನ್ಸರ್ ಮೈಕು ಹಾಕಿದರೆ ಅದರ ಕಿವಿ ಇನ್ನೂ ಚುರುಕಾದ್ದರಿಂದ ಅಂತರ ನೂರು ಪಟ್ಟು ಮೀರುತ್ತದೆ. ಎಸ್‌ಎಂ58ರ ಲೆಕ್ಕವನ್ನೇ ಮುಂದುವರಿಸಿ, ಅಗ್ಗದ್ದನ್ನು ಕಿತ್ತು ದುಬಾರಿಯದನ್ನು ಕೂರಿಸಿದರೆ ಒಟ್ಟು ಸದ್ದಿನಲ್ಲಿ ಆಗುವ ಇಳಿಕೆ 0.02 ಡೆಸಿಬೆಲ್. ಲಕ್ಷ ರೂಪಾಯಿಗೆ ಡೆಸಿಬೆಲ್ಲಿನ ನೂರರಲ್ಲಿ ಎರಡು ಪಾಲು! ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಟನ್ನುಗಟ್ಟಲೆ ಕಲ್ಲು ಪುಡಿಮಾಡಿ ಕೆಲವೇ ಗ್ರಾಂ ಚಿನ್ನ ತೆಗೆಯುತ್ತಾರೆ. ಪ್ರೀಆಂಪ್ ಅಂಥ ಗಣಿಯೆಂದು ನಂಬಿದವರೇ ಹೆಚ್ಚು. ಅದು ಕಲ್ಲಿನಿಂದ ಚಿನ್ನವನ್ನು ಬಿಡಿಸುವುದಿಲ್ಲ; ಕಲ್ಲನ್ನೂ ಚಿನ್ನವನ್ನೂ ಒಂದೇ ಸಮ ಹಿಗ್ಗಿಸಿ ಕೊಡುತ್ತದೆ.

"ರಾತ್ರಿ ರೆಕಾರ್ಡ್ ಮಾಡ್ತೀವಿ ಬಿಡ್ರಿ" ಎನ್ನುವವರಿದ್ದಾರೆ. ರಾತ್ರಿ ಹತ್ತರ ಮೇಲೆ ಮಿಲ್ಲು, ರಸ್ತೆ ಅಷ್ಟಿಷ್ಟು ತಣ್ಣಗಾಗುತ್ತವೆ, ಒಪ್ಪಿದೆ. ಆದರೆ ಆಗ ನಾಯಿಗಳ ಪಾಳಿ. ಕಾಲುವೆಗೆ ನೀರು ಬಿಟ್ಟ ಮೇಲೆ ಗದ್ದೆಯ ಕಪ್ಪೆಗಳದು. ನಸುಕಿಗೆ ಮಸೀದಿ ಮತ್ತು ಗುಡಿ, ಇಬ್ಬರೂ ಧ್ವನಿವರ್ಧಕ ಹಿಡಿದು ಸಿದ್ಧ. ಈ ಪಾಳಿಗಳ ನಡುವೆ ಸಿಗುವ ಎರಡು ಮೂರು ತಾಸಿನಲ್ಲಿ ಎಚ್ಚರವಿರುವ ಗಾಯಕ ಬೇಕು, ಫ್ಯಾನ್ ಬಂದ್ ಮಾಡಿದರೂ ತಾಳಿಕೊಳ್ಳುವ ಗಾಯಕ ಬೇಕು. ಅದರ ಬದಲು ಮನೆಯನ್ನೇ ಜಾಣತನದಿಂದ ಆರಿಸಬಹುದಲ್ಲ? ಬಸ್ ಸ್ಟ್ಯಾಂಡಿನ ಎದುರಿನ ಶಟರ್ ಮಳಿಗೆಯ ತಗಡಿನ ಬಾಗಿಲು ಸದ್ದನ್ನು ತಡೆಯುವುದಿರಲಿ, ಲಾರಿ ಹೋದಾಗ ತಾನೂ ಹಿಮ್ಮೇಳ ಕೊಡುತ್ತದೆ. ಅದೇ ಮುದಗಲ್ಲಿನ, ಮಸ್ಕಿಯ ಹಳೆಯ ಓಣಿಗಳಲ್ಲಿ ಮೊಳದಷ್ಟು ದಪ್ಪದ ಕಲ್ಲುಗೋಡೆ, ಮೇಲೆ ಮಣ್ಣಿನ ಮಾಳಿಗೆಯ ಮನೆಗಳು ಇನ್ನೂ ಇವೆ. ಹೊರಗಿನ ಸದ್ದು ತಡೆಯುವುದು ಗೋಡೆಯ ತೂಕ. ತೂಕ ಇಮ್ಮಡಿಯಾದರೆ ಸುಮಾರು 6 ಡೆಸಿಬೆಲ್ ಲಾಭ. ಆ ಗೋಡೆ ಕಟ್ಟಿದ ಗೌಂಡಿ ಡೆಸಿಬೆಲ್ ಎಂಬ ಮಾತು ಕೇಳಿರಲಿಕ್ಕಿಲ್ಲ, ಆದರೆ ಕೆಲಸ ಮಾಡಿಟ್ಟು ಹೋಗಿದ್ದಾನೆ. ಗೋಡೆಗೆ ಅವ್ವನ ಕೌದಿಗಳನ್ನು ತೂಗುಹಾಕಿದರೆ ಒಳಗಿನ ಮಾರ್ದನಿಯೂ ಇಳಿಯುತ್ತದೆ. ಕೌದಿ ಹೊರಗಿನ ಸದ್ದನ್ನು ತಡೆಯುತ್ತದೆಂದು ಮಾತ್ರ ನಂಬಬೇಡಿ. ಅದು ಒಳಗಿನ ಪ್ರತಿಧ್ವನಿಯನ್ನು ನುಂಗುತ್ತದೆಯೇ ಹೊರತು ಮಿಲ್ಲನ್ನಲ್ಲ. ಬಾಗಿಲಿನ ಸಂದಿಗೆ ರಬ್ಬರ್ ಪಟ್ಟಿ ಬಡಿಯುವುದು ಮರೆತರೆ ಮೊಳದ ಗೋಡೆಯೂ ವ್ಯರ್ಥ, ಸದ್ದಿಗೆ ಬೆರಳು ತೂರುವಷ್ಟು ಸಂದಿ ಸಾಕು.

ಇದಕ್ಕಿಂತಲೂ ಅಗ್ಗದ ಉಪಾಯ ಒಂದಿದೆ, ಅದಕ್ಕೆ ದುಡ್ಡು ಬೀಳುವುದಿಲ್ಲವೆಂದೇ ಅದರ ಮೇಲೆ ಯಾರಿಗೂ ವಿಶ್ವಾಸವಿಲ್ಲ. ಬಾಯಿಗೂ ಮೈಕಿಗೂ ಇರುವ ದೂರವನ್ನು ಅರ್ಧಕ್ಕಿಳಿಸಿದರೆ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ, ಕೋಣೆಯ ಸದ್ದು ಇದ್ದಲ್ಲೇ ಇರುತ್ತದೆ. ಎರಡು ಅಡಿ ದೂರದವನನ್ನು ಆರು ಇಂಚಿಗೆ ಕರೆತಂದರೆ 12 ಡೆಸಿಬೆಲ್. ಲಕ್ಷಕ್ಕೆ 0.02, ಒಂದು ಹೆಜ್ಜೆಗೆ 12! 1902ರಲ್ಲಿ ಗೌಹರ್ ಜಾನ್ ಕಲ್ಕತ್ತೆಯಲ್ಲಿ ಧ್ವನಿಮುದ್ರಣಕ್ಕೆಂದು ಹಾಡಿದಾಗ ಮೈಕೂ ಇರಲಿಲ್ಲ, ಪ್ರೀಆಂಪೂ ಇರಲಿಲ್ಲ. ವಿದ್ಯುತ್ತಿನಿಂದ ಧ್ವನಿಮುದ್ರಣ ಮಾಡುವ ಪದ್ಧತಿ ಬಂದದ್ದೇ 1925ರಲ್ಲಿ. ಆಕೆ ಕಹಳೆಯಂಥ ಕೊಳವೆಯೊಂದಕ್ಕೆ ಮುಖವೊಡ್ಡಿ ಹಾಡಬೇಕಿತ್ತು. ಎಲ್ಲಿ ನಿಲ್ಲಬೇಕು ಎಂಬುದೇ ಆಗಿನ ತಂತ್ರಜ್ಞಾನದ ಮುಕ್ಕಾಲು ಪಾಲು. ಕೊನೆಗೆ ಮೈಸೂರಿನಲ್ಲಿ ಅರಮನೆಯ ಆಶ್ರಯದಲ್ಲಿದ್ದು 1930ರಲ್ಲಿ ತೀರಿಕೊಂಡ ಆ ಗಾಯಕಿಯ ದನಿ ಇವತ್ತಿಗೂ ಕೇಳಸಿಗುತ್ತದೆ. ಹತ್ತಿರ ಬಂದರೆ ಮಂದ್ರ ಉಬ್ಬುತ್ತದೆ, 'ಪ' 'ಭ'ಗಳು ಗುಂಡು ಹೊಡೆಯುತ್ತವೆ ಎಂಬ ಆಕ್ಷೇಪ ಸರಿಯೇ. ಅದಕ್ಕೊಂದು ಪಾಪ್ ಫಿಲ್ಟರ್ ಸಾಕು. ಹೊಲದ ಈ ಬದುವಿನಿಂದ ಆ ಬದುವಿಗೆ ಕೇಳುವಂತೆ ಹಾಡಿ ಅಭ್ಯಾಸವಾದವರು ಮೈಕು ಕಂಡೊಡನೆ ಹಿಂದೆ ಸರಿಯುತ್ತಾರೆ. ಅವರನ್ನು ಮುಂದೆ ಕರೆಯಲು ಬೇಕಾದ್ದು "ಬರ್ರಿ ಅಣ್ಣಾರ, ಇನ್ನೊಂಚೂರು ಮುಂದ ಬರ್ರಿ" ಎನ್ನುವ ತಾಳ್ಮೆ. ಅದು ಯಾವ ಕಂಪನಿಯ ಡಬ್ಬಿಯಲ್ಲೂ ಬರುವುದಿಲ್ಲ.

ಮೆಲುದನಿಯ ತತ್ವಪದಕಾರರ ಮಾತೇನು, ತಂಬೂರಿ ಮೀಟುತ್ತ ತಮಗೆ ತಾವೇ ಹೇಳಿಕೊಂಡಂತೆ ಹಾಡುವವರಿಗಾದರೂ ಒಳ್ಳೆಯ ಪ್ರೀಆಂಪ್ ಬೇಡವೇ ಎಂದು ಕೇಳಬಹುದು. ಇದು ಗಟ್ಟಿ ಆಕ್ಷೇಪ, ತೇಲಿಸಿಬಿಡುವಂಥದ್ದಲ್ಲ. ಆದರೆ ಲೆಕ್ಕ ಮತ್ತೆ ನೋಡಿ: ದನಿ ಇಳಿದಾಗ ಪ್ರೀಆಂಪಿನ ಸದ್ದು ಹತ್ತಿರ ಬರುವುದು ಹೌದು, ಕೋಣೆಯ ಸದ್ದೂ ಅಷ್ಟೇ ಹತ್ತಿರ ಬರುತ್ತದೆ. ಇಬ್ಬರ ನಡುವಿನ ಅಂತರ ಬದಲಾಗುವುದಿಲ್ಲ, ಕೋಣೆಯೇ ಮುಂದೆ. ಮುದಗಲ್ಲಿನ ಮೊಹರಂನಲ್ಲಿ ಕನ್ನಡದ ರಿವಾಯತ್ ಪದಗಳನ್ನು ಗುಂಪಾಗಿ ಹಾಡುತ್ತಾರೆ. ಅದನ್ನು ಹಿಡಿದಿಡಬೇಕಾದವರಿಗೂ ಇದೇ ನ್ಯಾಯ. ಹತ್ತಾರು ಮಂದಿಯನ್ನು ಶಟರ್ ಮಳಿಗೆಗೆ ತುಂಬಿ ಲಕ್ಷದ ಡಬ್ಬಿಯ ಮುಂದೆ ನಿಲ್ಲಿಸುವ ಬದಲು, ಕೈಯಲ್ಲಿ ಹಿಡಿಯುವ ರೆಕಾರ್ಡರ್ ಒಯ್ದು ಅವರ ಓಣಿಯಲ್ಲೇ ಸದ್ದು ಅಡಗಿದ ಹೊತ್ತು ನೋಡಿ ಮುದ್ರಿಸಿಕೊಂಡರೆ ಪದವೂ ಉಳಿಯುತ್ತದೆ, ಹಾಡುವವರ ಮರ್ಯಾದೆಯೂ ಉಳಿಯುತ್ತದೆ.

ಗುಂಯ್ ಎನ್ನುವ ಸದ್ದಿನ ಕಥೆ ಬೇರೆ. ಶಕ್ತಿನಗರದಲ್ಲಿ ಕರೆಂಟು ಹುಟ್ಟಿಸಿ ರಾಜ್ಯಕ್ಕೆಲ್ಲ ಹಂಚುವ ಜಿಲ್ಲೆಯಲ್ಲಿ 50 ಹರ್ಟ್ಸಿನ ಗುಂಯ್‌ಗುಟ್ಟುವಿಕೆ ಮನೆಮಗನಂತೆ ಓಡಾಡಿಕೊಂಡಿದೆ. ಅದನ್ನು ಕೇಳಿದವರೆಲ್ಲ ಪ್ರೀಆಂಪ್ ಕೆಟ್ಟಿದೆ ಎಂದು ತೀರ್ಪು ಕೊಡುತ್ತಾರೆ. ಬಹುಪಾಲು ಅಪರಾಧಿ ನೆಲದಲ್ಲಿರುತ್ತಾನೆ. ನಮ್ಮ ಎರೆಭೂಮಿ ಹಸಿಯಾಗಿದ್ದಾಗ ಅರ್ಥಿಂಗಿಗೆ ಬಂಗಾರದಂಥದ್ದು. ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟರೆ ಗುಂಡಿಯಲ್ಲಿ ನೆಟ್ಟ ಸರಳಿಗೂ ಮಣ್ಣಿಗೂ ಸಂಬಂಧ ಹರಿಯುತ್ತದೆ. ಗುಂಡಿಗೆ ಉಪ್ಪು, ಇದ್ದಿಲು ಹಾಕಿಸಿ, ಬೇಸಿಗೆಯಲ್ಲಿ ಆಗಾಗ ಎರಡು ಕೊಡ ನೀರು ಹೊಯ್ಯಿರಿ. ಅಗ್ಗದ ಇನ್ವರ್ಟರಿನ ಮೇಲೆ ರೆಕಾರ್ಡಿಂಗ್ ಮಾಡಬೇಡಿ. ಅಂದಹಾಗೆ ಕಂಡೆನ್ಸರ್ ಮೈಕಿಗೆ ಪ್ರೀಆಂಪ್ ಕಳಿಸುವ 48 ವೋಲ್ಟಿನ ಹುಟ್ಟು ಕೇಳಿದರೆ ನಮ್ಮವರಿಗೆ ಅಭಿಮಾನ ಬರಬೇಕು: 1966ರಲ್ಲಿ ನಾರ್ವೆಯ ರೇಡಿಯೋ ಸಂಸ್ಥೆಯಲ್ಲಿ ತುರ್ತು ದೀಪಗಳಿಗೆಂದು 48 ವೋಲ್ಟಿನ ಏರ್ಪಾಡು ಮೊದಲೇ ಇತ್ತು, ಜರ್ಮನಿಯ ನಾಯ್ಮನ್ ಕಂಪನಿ ಅದಕ್ಕೇ ಮೈಕನ್ನು ಹೊಂದಿಸಿಕೊಟ್ಟಿತು. ಕರೆಂಟು ಹೋದಾಗಿನ ದೀಪದಿಂದ ಜಗತ್ತಿನ ಮಾನದಂಡವೇ ಹುಟ್ಟಿದೆ, ಆ ಲೆಕ್ಕಕ್ಕೆ ನಮ್ಮ ಊರುಗಳಿಗೆ ಇನ್ನೂ ದೊಡ್ಡ ಪಾಲು ಸಲ್ಲಬೇಕಿತ್ತು.

ಬಲ್ಲವರ ಕೊನೆಯ ಅಸ್ತ್ರ ಬಣ್ಣದ್ದು. ಸದ್ದಿನ ಮಾತು ಬಿಡಿ, ನೀವ್ ಡಬ್ಬಿಯ ಟ್ರಾನ್ಸ್‌ಫಾರ್ಮರು ದನಿಗೆ ಬೆಚ್ಚನೆಯ ಮೆರುಗು ಕೊಡುತ್ತದೆ ಎನ್ನುತ್ತಾರೆ. ಮೇ ತಿಂಗಳ ಸಿಂಧನೂರಿನಲ್ಲಿ ಏನನ್ನಾದರೂ ಬೆಚ್ಚಗೆ ಮಾಡಲು ದುಡ್ಡು ಕೊಡಬೇಕೆ ಎಂಬ ಕುಹಕವನ್ನು ಬದಿಗಿಟ್ಟರೂ, ಆ ಮೆರುಗು ಸುಳ್ಳಲ್ಲ. ಜೋರಾಗಿ ತಳ್ಳಿದಾಗ ಟ್ರಾನ್ಸ್‌ಫಾರ್ಮರು ದನಿಗೆ ಅದರದೇ ಮೇಲಿನ ಸ್ವರಾಂಶಗಳನ್ನು ನವಿರಾಗಿ ಬೆರೆಸುತ್ತದೆ. ಆದರೆ ಎರಡು ಡಬ್ಬಿಗಳ ಜೋರನ್ನು ಸರಿಸಮ ಮಾಡಿ, ಯಾವುದು ಯಾವುದೆಂದು ಹೇಳದೆ ಕೇಳಿಸಿದರೆ ಬಹಳ ಮಂದಿಯ ಆತ್ಮವಿಶ್ವಾಸ ಕರಗುತ್ತದೆ. ತುಸು ಜೋರಾಗಿ ಕೇಳುವುದನ್ನೇ ಕಿವಿ ಚೆಂದವೆಂದು ನಂಬುತ್ತದೆ, ಮಾರುವವರಿಗೆ ಈ ಗುಟ್ಟು ಗೊತ್ತು. ಮಸ್ಕಿಯ ಗುಡ್ಡದಲ್ಲಿರುವ ಅಶೋಕನ ಶಾಸನವನ್ನೇ ನೋಡಿ. 1837ರಲ್ಲಿ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಬಿಡಿಸಿದ ಮೇಲೂ ಎಷ್ಟೋ ದಶಕ ಶಾಸನಗಳಲ್ಲಿ ಸಿಗುತ್ತಿದ್ದದ್ದು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಇಲ್ಲಿ ಕಂಡ ಕಲ್ಲಿನಲ್ಲಿ ಅಶೋಕ ಎಂಬ ಹೆಸರು ನೇರವಾಗಿ ಸಿಕ್ಕಿತು. ಅಲ್ಲಲ್ಲಿ ಅಳಿಸಿಹೋದ ಸಾಲುಗಳ ಒರಟು ಬಂಡೆ ಅದು, ಮೆರುಗು ಏನೇನೂ ಇಲ್ಲ. ಹೆಸರು ಓದಲು ಬಂತು, ವಿದ್ವಾಂಸರಿಗೆ ಅಷ್ಟು ಸಾಕಾಯಿತು. ಹಾಡಿನ ಮಾತು ತಿಳಿಯದಷ್ಟು ಮಾರ್ದನಿ ತುಂಬಿದ ಕೋಣೆಯಲ್ಲಿ ಮೆರುಗು ಹಚ್ಚುವವರು ಇದನ್ನೊಮ್ಮೆ ಹೋಗಿ ನೋಡಿಬರಬೇಕು, ದೂರವೇನಿಲ್ಲ.

"ಅದೆಲ್ಲಾ ಖರೇ ರೀ, ಆದ್ರ ಗಿರಾಕಿ ಬಂದು ನೋಡೋದು ಏನು, ಗ್ವಾಡಿನಾ?" ಎಂಬ ಪ್ರಶ್ನೆಗೆ ಮಾತ್ರ ನನ್ನಲ್ಲಿ ಡೆಸಿಬೆಲ್ಲಿನ ಉತ್ತರವಿಲ್ಲ. ಗಿರಾಕಿ ದೀಪ ನೋಡುತ್ತಾನೆ, ಮುಳ್ಳು ಅಲ್ಲಾಡುವುದನ್ನು ನೋಡುತ್ತಾನೆ, ಗುಂಡಿ ಹೆಚ್ಚಿದ್ದಷ್ಟೂ ಹಾಡು ಓಡುತ್ತದೆಂದು ನಂಬುತ್ತಾನೆ. ವ್ಯಾಪಾರಕ್ಕೆ ಅದು ಬೇಕೆಂದರೆ ಬೇಕು. ಆದರೆ ಅದನ್ನು ಬೋರ್ಡು, ಬಣ್ಣದ ಖರ್ಚಿನಲ್ಲಿ ಬರೆಯಿರಿ, ಧ್ವನಿಯ ಖರ್ಚಿನಲ್ಲಲ್ಲ. ನಿಜವಾಗಿ ಆರಿಸುವಾಗ ನೋಡಬೇಕಾದ್ದು ಬೇರೆ. 60 ಡೆಸಿಬೆಲ್ ಗೇನ್, ಅಂದರೆ ಹಿಗ್ಗಿಸುವ ತಾಕತ್ತು, ಇದೆಯೇ? ಎಸ್‌ಎಂ7ಬಿಯಂಥ ಮೆಲ್ಲಗೆ ಮಾತಾಡುವ ಮೈಕು ಹಾಕುವುದಾದರೆ ಅದಕ್ಕಿಂತ ತುಸು ಹೆಚ್ಚೇ ಇರಲಿ. 48 ವೋಲ್ಟು ಕುಸಿಯದೆ ನಿಲ್ಲುತ್ತದೆಯೇ? ಎಲ್ಲಕ್ಕಿಂತ ಮುಖ್ಯವಾಗಿ, ಎರೆಮಣ್ಣಿನ ದೂಳು, ಸುಗ್ಗಿಯ ಹೊಟ್ಟು ಒಳಸೇರಿದಾಗ ಕರಕರ ಎನ್ನುವ ಗೇನ್ ಗುಂಡಿಯನ್ನು ಬಿಚ್ಚಿ ಸರಿಮಾಡುವವರು ರಾಯಚೂರಿನೊಳಗೆ ಸಿಗುತ್ತಾರೆಯೇ, ಇಲ್ಲ ಡಬ್ಬಿ ಬೆಂಗಳೂರಿಗೆ ಬಸ್ಸು ಹತ್ತಬೇಕೇ?

ಇಷ್ಟಾದ ಮೇಲೂ ಮನಸ್ಸು ಲಕ್ಷದ ಡಬ್ಬಿಯ ಕಡೆಗೇ ಎಳೆದರೆ ಒಂದು ಪರೀಕ್ಷೆ ಮಾಡಿ. ರೇಡಿಯೋ ರಿಪೇರಿಯ ಅಂಗಡಿಯಲ್ಲಿ 150 ಓಮಿನ ರೆಸಿಸ್ಟರ್ ಕೇಳಿ, ಅರ್ಧ ಚಹಾದ ದುಡ್ಡಿಗೆ ಸಿಗುತ್ತದೆ. ಅದನ್ನು ಎಕ್ಸ್‌ಎಲ್‌ಆರ್ ಪ್ಲಗ್ಗಿನ 2 ಮತ್ತು 3ನೇ ಪಿನ್ನುಗಳ ನಡುವೆ ಬೆಸೆದು, 48 ವೋಲ್ಟಿನ ಗುಂಡಿ ಬಂದ್ ಮಾಡಿ, ಮೈಕಿನ ಬದಲು ಚುಚ್ಚಿ ಒಂದು ನಿಮಿಷ ರೆಕಾರ್ಡ್ ಮಾಡಿ. ಆಮೇಲೆ ಗೇನ್ ಮುಟ್ಟದೆ ಮೈಕು ಹಾಕಿ, ಎಲ್ಲರನ್ನೂ ಹೊರಗೆ ಕಳಿಸಿ, ಖಾಲಿ ಕೋಣೆಯದು ಇನ್ನೊಂದು ನಿಮಿಷ. ಮೊದಲನೆಯದು ಪ್ರೀಆಂಪಿನ ಸದ್ದು, ಎರಡನೆಯದು ಪ್ರೀಆಂಪು ಮತ್ತು ಊರಿನದು ಒಟ್ಟಿಗೆ. ಎರಡರ ಮಟ್ಟ ಸರಿಸಮ ಬಂದರೆ ನಿಮ್ಮ ಕೋಣೆ ಈ ಜಿಲ್ಲೆಯಲ್ಲಿ ಅಪರೂಪದ್ದು. ಧಾರಾಳವಾಗಿ ನೀವ್ ಡಬ್ಬಿ ತರಿಸಿ, ನಾನು ಅಡ್ಡ ಬರುವುದಿಲ್ಲ. ಎರಡನೆಯದು ಹತ್ತಿಪ್ಪತ್ತು ಡೆಸಿಬೆಲ್ ಮೇಲಿದ್ದರೆ ಡಬ್ಬಿಯ ದುಡ್ಡನ್ನು ಜೇಬಿನಲ್ಲೇ ಇಟ್ಟುಕೊಂಡು ಬಡಿಗೇರರ ಮನೆಗೆ ಹೋಗಿ ಬಾಗಿಲಿನ ಅಳತೆ ಕೊಟ್ಟುಬನ್ನಿ.