ಜೀರಹಳ್ಳಿಯ ರೂಲ್ಸಣ್ಣ

ಊರೆಂದ ಮೇಲೆ ಒಬ್ಬ ನಾಟಿ ವೈದ್ಯ, ಒಬ್ಬ ಶಾಸ್ತ್ರ ಹೇಳುವವನು, ಒಬ್ಬ ಪುಢಾರಿ ಇದ್ದೇ ಇರುತ್ತಾರೆ. ಗಡಿಯ ಊರಿಗೆ ಇವರ ಜೊತೆ ಇನ್ನೊಬ್ಬ ಬೇಕು, ರೂಲ್ಸು ಗೊತ್ತಿರುವವನು. ತಾಳವಾಡಿ ಬೆಟ್ಟಸೀಮೆಯ ಜೀರಹಳ್ಳಿಯಲ್ಲಿ ಆ ಹುದ್ದೆ ಎಂದೋ ಭರ್ತಿಯಾಗಿದೆ. ಅಪ್ಪ ಅಮ್ಮ ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿದೆ, ತಮಿಳಿನಲ್ಲಿ, ಅಪ್ಪ ಅಮ್ಮನಿಗೇ ಗುರುತು ಸಿಗದ ಹಾಗೆ. ಊರವರ ಬಾಯಲ್ಲಿ ಅವನು ರೂಲ್ಸಣ್ಣ. ವಿಳಾಸ ಹುಡುಕಿಕೊಂಡು ಹೋಗುವ ಶ್ರಮ ಬೇಡ. ಇಂಥವನೊಬ್ಬ ತಾಳವಾಡಿಯ ಬಸ್‌ಸ್ಟ್ಯಾಂಡಿನಲ್ಲೂ ಸಿಗುತ್ತಾನೆ, ಹಾಸನೂರಿನ ಟೀ ಅಂಗಡಿಯಲ್ಲೂ ಸಿಗುತ್ತಾನೆ, ಚಾಮರಾಜನಗರದ ಸಂತೆಯಲ್ಲಂತೂ ಇಬ್ಬರು ಮೂವರು ಸಿಗುತ್ತಾರೆ, ಒಬ್ಬರಿಗೊಬ್ಬರು ಮಾತು ಬಿಟ್ಟಿರುತ್ತಾರೆ.

ಈ ತಳಿ ಇಲ್ಲೇ ಯಾಕೆ ಚೆನ್ನಾಗಿ ಬೆಳೆಯುತ್ತದೆ ಎಂಬುದಕ್ಕೆ ಕಾರಣವಿದೆ. 1956ರಲ್ಲಿ ರಾಜ್ಯಗಳನ್ನು ಭಾಷೆಯ ಮೇಲೆ ಹಂಚುವಾಗ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರಿಗೆ ಬಂತು. ಪಕ್ಕದ ತಾಳವಾಡಿ ಅಲ್ಲೇ ಉಳಿಯಿತು. ಮನೆಯೊಳಗೆ ಕನ್ನಡ, ಅರ್ಜಿಯಲ್ಲಿ ತಮಿಳು. ಸಾಮಾನಿಗೆ ಚಾಮರಾಜನಗರ, ಸಹಿಗೆ ಈರೋಡು. ಸತ್ಯಮಂಗಲದ ಹೆದ್ದಾರಿ ಹಿಡಿದರೆ ಪುಣಜನೂರು, ಕಾರಪಳ್ಳಂ, ಬಣ್ಣಾರಿ ಎಂದು ಗೇಟಿನ ಮೇಲೆ ಗೇಟು. ನಡುವೆ ದಿಂಬಂ ಘಾಟಿಯ 27 ತಿರುವು. 2022ರಿಂದ ಮದರಾಸು ಹೈಕೋರ್ಟಿನ ಅಪ್ಪಣೆಯಂತೆ ರಾತ್ರಿ ಸಂಚಾರಕ್ಕೂ ತಡೆ. ಕಾರಪಳ್ಳಂನಲ್ಲಿ ಮನುಷ್ಯರ ತಪಾಸಣೆ ಮುಗಿದರೆ ಆನೆಗಳದು ಶುರು. ಕಬ್ಬಿನ ಲಾರಿಗೆ ಅಡ್ಡ ನಿಂತು, ಸೊಂಡಿಲು ಚಾಚಿ, ತಮ್ಮ ಪಾಲು ಎಳೆದುಕೊಂಡ ಮೇಲೇ ದಾರಿ. ರೂಲ್ಸಣ್ಣನ ಪ್ರಕಾರ ಭೂಮಿಯ ಮೇಲೆ ರಸೀದಿ ಕೊಡದಿದ್ದರೂ ನ್ಯಾಯವಾಗಿ ವಸೂಲಿ ಮಾಡುವ ಸುಂಕದ ಕಟ್ಟೆ ಅದೊಂದೇ.

2020 ಅವನ ಪಾಲಿಗೆ ಸುವರ್ಣಕಾಲ. ಜೂನ್‌ವರೆಗೂ ಚಾಮರಾಜನಗರ ಜಿಲ್ಲೆಗೆ ಕೊರೊನಾ ಕಾಲಿಟ್ಟಿರಲಿಲ್ಲ, ಗಡಿಯಲ್ಲಿ ಇರುವೆ ನುಸುಳಿದರೂ ಇ-ಪಾಸ್ ಕೇಳುವ ಹಾಗಿತ್ತು. ಆಚೆ ಬದಿಯ ಹೆಣ್ಣು, ಈಚೆ ಬದಿಯ ಗಂಡು, ನಡುವೆ ಬ್ಯಾರಿಕೇಡು. ಯಾವ ಪಾಸು, ಯಾವ ಕಲೆಕ್ಟರು, ಎಷ್ಟು ಜನ ಎಂದು ಹೇಳಿ ಹೇಳಿ ಅವನ ನಾಲಿಗೆ ಹದವಾಯಿತು. ರೋಗ ಹೋಯಿತು, ಹದವಾದ ನಾಲಿಗೆ ಉಳಿಯಿತು. ಎರಡು ರಾಜ್ಯದ ಗಡಿ ಅದಕ್ಕೆ ಸಾಲದಾಗಿ, ದೇಶದ ಗಡಿಗೆ ಕೈ ಹಾಕಿದ.

ದಾರಿ ತೆರೆದವನು ಬೆಂಗಳೂರಿನ ಕೆಲಸವನ್ನು ಊರ ಮಾಳಿಗೆಯ ಮೇಲೆ ಕೂತು ಮಾಡುವ ಹುಡುಗ. ಅವನ ಜೊತೆ ಲ್ಯಾಬ್ರಡಾರ್ ಒಂದು ಊರಿಗೆ ಬಂದಿತ್ತು. ಅದಕ್ಕೆ ಅಮೆರಿಕದಿಂದ ಒಣಗಿಸಿದ ಕೋಳಿ ಪಟ್ಟಿ ತರಿಸುತ್ತೇನೆ ಎಂದು ಟೀ ಅಂಗಡಿಯಲ್ಲಿ ಬಾಯಿ ಬಿಟ್ಟ. ಅಷ್ಟು ಸಾಕಾಯಿತು.

"ಪರ್ಮಿಟ್ ತಗಂಡಿದ್ದೀಯಾ?" ಎಂದ ರೂಲ್ಸಣ್ಣ, ಟೀ ಲೋಟ ಕೆಳಗಿಟ್ಟು. ಲೋಟ ಕೆಳಗಿಟ್ಟನೆಂದರೆ ಬಸ್ಸು ಹೋದರೂ ಮಾತು ನಿಲ್ಲುವುದಿಲ್ಲ ಎಂದರ್ಥ.

"ನಾಯಿ ತಿಂಡಿಗೆ ಎಂಥ ಪರ್ಮಿಟ್ಟಣ್ಣ?"

"1898ರ ಕಾನೂನು ಕನ್ಲಾ. ಜಾನುವಾರು ಆಮದು ಕಾಯಿದೆ. ವಿಕ್ಟೋರಿಯಾ ರಾಣಿ ಕಾಲದ್ದು. ಆಗ ಬರೀ ದನ, ಕುದುರೆಯಂಥ ಜೀವ ಇರೋ ಪ್ರಾಣಿ. 2001ರಲ್ಲಿ ತಿದ್ದುಪಡಿ ಮಾಡಿ ಜಾನುವಾರಿನ ಉತ್ಪನ್ನಾನೂ ಸೇರಿಸಿದ್ರು. ಮಾಂಸ, ಮೊಟ್ಟೆ, ಹಾಲು, ಪ್ರಾಣಿ ಮೂಲದ ನಾಯಿ ತಿಂಡಿ, ಬೆಕ್ಕಿನ ತಿಂಡಿ, ಎಲ್ಲ. ದೆಲ್ಲಿಯ ಪಶುಸಂಗೋಪನೆ ಇಲಾಖೆಯಿಂದ ಸ್ಯಾನಿಟರಿ ಇಂಪೋರ್ಟ್ ಪರ್ಮಿಟ್ ಬೇಕು. ಅಲ್ಲಿಯ ಸರ್ಕಾರಿ ಪಶುವೈದ್ಯ ಬರೆದುಕೊಟ್ಟ ಆರೋಗ್ಯ ಪತ್ರ ಬೇಕು. ಅದು ಇಳಿಯೋದೂ ಪ್ರಾಣಿ ಕ್ವಾರಂಟೈನ್ ಕಚೇರಿ ಇರೋ ಕಡೆ ಮಾತ್ರ. ದೆಲ್ಲಿ, ಬೊಂಬಾಯಿ, ಕಲ್ಕತ್ತ, ಮದರಾಸು, ಹೈದರಾಬಾದು, ಬೆಂಗಳೂರು. ಕಾಗದ ಸರಿ ಇಲ್ಲದಿದ್ರೆ ವಾಪಸ್ಸು, ಇಲ್ಲಾ ಸುಡೋದು. ಸುಡೋ ಖರ್ಚು ನಿಂದೇ."

ಕೊನೆಯ ಮಾತನ್ನು ಅವನು ತುಸು ತಡೆದು, ರುಚಿ ನೋಡಿ ಹೇಳಿದ. ರೂಲ್ಸಣ್ಣನಿಗೆ ಸಾಮಾನಿನ ಮೇಲೆ ಆಸೆಯಿಲ್ಲ. ಅದು ಎಲ್ಲಿ ಸಿಕ್ಕಿಬೀಳುತ್ತದೆ ಎಂಬುದರ ಮೇಲೆ ಆಸೆ. ಪಾರ್ಸೆಲ್ಲು ಮನೆಗೆ ಬಂದರೆ ಅವನಿಗೆ ಸಂತೋಷವೇ, ಆದರೆ ಬರಬಾರದಿತ್ತಲ್ಲ ಎಂಬ ಸಣ್ಣ ಸಂಕಟ ಉಳಿದುಕೊಳ್ಳುತ್ತದೆ.

ಹುಡುಗ ಬುದ್ಧಿವಂತ. ಅಮೆರಿಕದಲ್ಲಿರುವ ಭಾವನಿಂದ ಉಡುಗೊರೆ ಎಂದು ತರಿಸಿದರೆ? ರೂಲ್ಸಣ್ಣ ಈ ಪ್ರಶ್ನೆಗೇ ಕಾಯುತ್ತಿದ್ದ. ಐದು ಸಾವಿರ ರೂಪಾಯಿವರೆಗಿನ ಉಡುಗೊರೆಗೆ ಸುಂಕವಿಲ್ಲ ಎಂಬ ಸೌಲಭ್ಯ ಒಂದು ಕಾಲಕ್ಕಿತ್ತು. ಜನ ಅಂಗಡಿ ಸಾಮಾನನ್ನೆಲ್ಲ ಉಡುಗೊರೆ ಎಂದು ಬರೆಸಿ ತರಿಸತೊಡಗಿದರು. 2019ರ ಡಿಸೆಂಬರ್ 12ರಂದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಆ ಬಾಗಿಲು ಹಾಕಿತು. ಪೂರ್ತಿ ಸುಂಕ ಕಟ್ಟದೆ ಉಡುಗೊರೆ ಬರುವಂತಿಲ್ಲ. ವಿನಾಯಿತಿ ಉಳಿದದ್ದು ಜೀವರಕ್ಷಕ ಔಷಧಿಗೆ, ಮತ್ತೆ ರಾಖಿಗೆ. ರಾಖಿಯ ಜೊತೆ ಬರುವ ಉಡುಗೊರೆಗೂ ಇಲ್ಲ, ಬರೀ ರಾಖಿಗೆ.

"ಹಂಗಾದ್ರೆ ಕೋಳಿ ಪಟ್ಟೀನೇ ದಾರಕ್ಕೆ ಪೋಣಿಸಿ ನಾಯಿಗೆ ರಾಖಿ ಅಂತ ಕಳಿಸ್ಲಿ," ಎಂದಿತು ಬೆಂಚಿನ ಮೂಲೆಯ ಒಂದು ದನಿ. ಎಲ್ಲರೂ ನಕ್ಕರು. ರೂಲ್ಸಣ್ಣ ನಗಲಿಲ್ಲ. ಸಾಧ್ಯವೇ ಎಂದು ನಿಜವಾಗಿ ಯೋಚಿಸಿ, "ಉಡುಗೊರೆ ಆದ್ರೂ ಪರ್ಮಿಟ್ ತಪ್ಪಲ್ಲ, ಸುಂಕ ಬೇರೆ, ರೋಗ ಬೇರೆ," ಎಂದ. ಇಡೀ ದಿನ ಅವನಾಡಿದ ಮಾತಿನಲ್ಲಿ ನೆನಪಿಡತಕ್ಕದ್ದು ಇದೇ ಎಂದು ನನಗನ್ನಿಸುತ್ತದೆ. ದುಡ್ಡು ಕಟ್ಟಿದ ಮೇಲೆ ಯಾಕೆ ತಡೆಯುತ್ತಾರೆ ಎಂದು ಕೇಳುವವರೇ ಹೆಚ್ಚು. ಕಸ್ಟಮ್ಸಿಗೆ ನಮ್ಮ ಜೇಬಿನ ಚಿಂತೆ, ಕ್ವಾರಂಟೈನಿಗೆ ನಮ್ಮ ಕೋಳಿಗೂಡಿನ ಚಿಂತೆ.

ಕೋಳಿಯ ಮಾತು ಬಂದರೆ ಅವನು ಜಿನೀವಾದವರೆಗೂ ಹೋಗಿ ಬರುತ್ತಾನೆ. ಹಕ್ಕಿಜ್ವರದ ಹೆಸರಿನಲ್ಲಿ ಭಾರತ 2007ರಿಂದ ಅಮೆರಿಕದ ಕೋಳಿಯನ್ನು ತಡೆದಿತ್ತು. 2012ರಲ್ಲಿ ಅಮೆರಿಕ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು. 2015ರ ಜೂನಿನಲ್ಲಿ ಮೇಲ್ಮನವಿಯಲ್ಲೂ ನಾವು ಸೋತೆವು. "ಈರೋಡಲ್ಲಿ ಒಂದು ಕೋಳಿ ಸೀನಿದ್ರೆ ಕಾಶ್ಮೀರದ ಮೊಟ್ಟೆ ತಿನ್ಬಾರ್ದು ಅಂದಂಗಾಯ್ತು ಅಂತ ಅವರ ವಾದ. ರೋಗ ಇರೋ ಸೀಮೆ ಬೇರೆ, ಇಲ್ಲದ ಸೀಮೆ ಬೇರೆ ಅಂತ ನೋಡ್ಬೇಕಂತೆ," ಎಂದು ಅವನು ವಿವರಿಸುವಾಗ ಆ ತೀರ್ಪು ತಾಳವಾಡಿ ತಾಲ್ಲೂಕು ಕಚೇರಿಯ ನೋಟಿಸ್ ಬೋರ್ಡಿಗೆ ಅಂಟಿಸಿದ್ದೇನೋ ಎನ್ನಿಸುತ್ತದೆ. ಜಿಎಸ್‌ಟಿ ಬಂದಾಗ ಹಸುವಿನ ಮೇವಿಗೆ ಸೊನ್ನೆ, ನಾಯಿ ಬೆಕ್ಕಿನ ಡಬ್ಬಿ ತಿಂಡಿಗೆ ಶೇಕಡ 18 ಎಂದು ಊರಿಗೆ ಮೊದಲು ಸಾರಿದವನೂ ಅವನೇ. ನಾಯಿಗೆ ಉಳಿದ ಮುದ್ದೆ ಹಾಕುವ ಊರು ಆ ಸುದ್ದಿಯನ್ನು ಶಾಂತವಾಗಿ ಸ್ವೀಕರಿಸಿತ್ತು.

ಅವನನ್ನು ಕಂಗೆಡಿಸಿದ್ದು ಒಂದೇ ಸಾರಿ, ಅದೂ ನಾಯಿಯ ಕೊರಳಪಟ್ಟಿಯ ವಿಚಾರದಲ್ಲಿ. ಊರು ಇರುವುದು ಸತ್ಯಮಂಗಲ ಹುಲಿ ಮೀಸಲಿನೊಳಗೆ. ಜೀರಹಳ್ಳಿ ಎಂಬುದು ಅರಣ್ಯ ವಲಯದ ಹೆಸರೂ ಹೌದು. ಬೆಳೆಗೆ ನುಗ್ಗಿ, ಜನರನ್ನು ಕೊಂದು, ಪಳಗಿದ ಕುಮ್ಕಿ ಆನೆಗಳನ್ನೂ ತಿಂಗಳುಗಟ್ಟಲೆ ಆಟವಾಡಿಸಿದ ಕರುಪ್ಪನ್ ಎಂಬ ಸಲಗವನ್ನು 2023ರ ಏಪ್ರಿಲ್‌ನಲ್ಲಿ ಹಿಡಿದು ಬರಗೂರು ಕಾಡಿಗೆ ಸಾಗಿಸಿದ್ದು ಈ ಸೀಮೆಯಿಂದಲೇ. (ಆ ಲಾರಿ ಹೋಗುವಾಗಲೂ ರೂಲ್ಸಣ್ಣ ರಸ್ತೆ ಬದಿ ನಿಂತು, "ಮುಖ್ಯ ವನ್ಯಜೀವಿ ವಾರ್ಡನ್ ಆರ್ಡರ್ ಇಲ್ದೆ ಇದನ್ನ ಮುಟ್ಟಂಗಿಲ್ಲ," ಎಂದು ಆನೆಗೆ ಕೇಳಿಸುವ ಹಾಗೆ ಹೇಳಿದನಂತೆ.) ಆನೆಗೆ ಬೆಳೆ ಬೇಕು, ಚಿರತೆಗೆ ನಾಯಿ ಬೇಕು. ಕೈಬಿಟ್ಟ ಕಲ್ಲುಕ್ವಾರಿಗಳಲ್ಲಿ ಸೇರಿಕೊಂಡ ಚಿರತೆ ರಾತ್ರಿ ಇಳಿದು ಬಂದರೆ ಮೊದಲು ಕಾಣೆಯಾಗುವುದು ನಾಯಿ. ಹುಡುಗ ತನ್ನ ಲ್ಯಾಬ್ರಡಾರಿಗೆ ಜಿಪಿಎಸ್ ಇರುವ ಫಾರಿನ್ ಕೊರಳಪಟ್ಟಿ ತರಿಸಲು ಹೊರಟ. ತರಂಗ ಬಿಡುವ ಯಾವ ಯಂತ್ರಕ್ಕೂ ದೆಲ್ಲಿಯ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗದ ಒಪ್ಪಿಗೆ ಬೇಕು ಎಂದು ರೂಲ್ಸಣ್ಣ ಒಂದೇ ಮಾತಿನಲ್ಲಿ ಮುಗಿಸಿದ. ಅಲ್ಲದೆ, ಚಿರತೆಯ ಹೊಟ್ಟೆ ಎಲ್ಲೆಲ್ಲಿ ತಿರುಗುತ್ತಿದೆ ಎಂದು ಫೋನಿನಲ್ಲಿ ನೋಡಿಕೊಂಡು ಏನು ಮಾಡುತ್ತೀಯ ಎಂದ. ಹಾಗಾದರೆ ಟರ್ಕಿಯ ಕುರಿನಾಯಿಗಳಿಗೆ ತೋಳದ ಭಯಕ್ಕೆ ಹಾಕುವ ಮುಳ್ಳಿನ ಪಟ್ಟಿ? ರೂಲ್ಸಣ್ಣ ಲೋಟ ಕೆಳಗಿಟ್ಟ. ಅಷ್ಟರಲ್ಲಿ ಹುಡುಗನ ತಾತ ಎದ್ದು ಹೋಗಿ, ಕುಲುಮೆಯಲ್ಲಿ ಹಳೆ ಕಬ್ಬಿಣದ ಪಟ್ಟಿಗೆ ಮೊಳೆ ಹೊಡೆಸಿಕೊಂಡು, ಸಂಜೆಗೆ ನಾಯಿಯ ಕುತ್ತಿಗೆಗೆ ಕಟ್ಟಿಯೇಬಿಟ್ಟ. ಪರ್ಮಿಟ್ಟಿಲ್ಲ, ಸುಂಕವಿಲ್ಲ, ಸುಡುವ ಖರ್ಚಿಲ್ಲ. ಒಂದು ರೂಲ್ಸೂ ತಗುಲದ ಆ ಪಟ್ಟಿಯನ್ನು ರೂಲ್ಸಣ್ಣ ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದ. ಆ ರಾತ್ರಿ ಅವನಿಗೆ ಊಟ ಸೇರಲಿಲ್ಲವೆಂದು ಅವನ ಹೆಂಡತಿ ಹೇಳಿದ್ದುಂಟು.

ಅವನನ್ನು ಪೂರ್ತಿ ನಗೆಗೀಡು ಮಾಡಿದರೆ ಅನ್ಯಾಯವಾದೀತು. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹ ಸತ್ತವು. ಸತ್ತವುಗಳಲ್ಲಿ ಸಿಕ್ಕಿದ್ದು ನಾಯಿಗಳಿಗೆ ಬರುವ ಡಿಸ್ಟೆಂಪರ್ ವೈರಸ್. ಆ ಸುದ್ದಿಯ ಪೇಪರು ಹಿಡಿದುಕೊಂಡು ರೂಲ್ಸಣ್ಣ ಮನೆಮನೆ ಅಲೆದ. "ನಮ್ಮ ನಾಯಿ ಸೀನಿದ್ರೆ ಅಲ್ಲಿ ಹುಲಿ ಸಾಯ್ತದೆ, ಹುಲಿ ಸತ್ರೆ ನಮ್ಮನ್ನೇ ಕಾಡಿಂದ ಆಚೆ ಹಾಕ್ತಾರೆ," ಎಂದು ಹೆದರಿಸಿ, ಪಶು ಆಸ್ಪತ್ರೆಯ ಸೂಜಿಗೆ ನಾಯಿಗಳನ್ನು ಸಾಲಾಗಿ ನಿಲ್ಲಿಸಿದ. ರೂಲ್ಸು ಹೇಳುವಾಗ ಅವನ ಕಣ್ಣಿನಲ್ಲಿ ಮಿಂಚುವ ಚೇಷ್ಟೆ ಆಗ ಇರಲಿಲ್ಲ. ಸೂಜಿ ಮುಗಿದ ಮೇಲೆ ಪ್ರತಿ ನಾಯಿಗೂ ಕಾರ್ಡು ಬರೆಸಿಕೊಡಿ ಎಂದು ಡಾಕ್ಟರ ಹಿಂದೆ ಬಿದ್ದದ್ದು ಬೇರೆ ಮಾತು.

ಆದರೆ ಅವನ ವಿದ್ಯೆಗೆ ಸರಿಸಮ ಎದುರಾದವಳು ಪಕ್ಕದ ಬೀದಿಯ ಅಜ್ಜಿ. ಮೆಲ್ಬರ್ನಿನಲ್ಲಿರುವ ಮೊಮ್ಮಗ ನಾಯಿಮರಿ ಸಾಕಿದ, ಫೋಟೊ ಕಳಿಸಿದ. ಮರಿ ಮುದ್ದಾಗಿತ್ತು. ಮುದ್ದಾದದ್ದಕ್ಕೆ ದೃಷ್ಟಿ ತಾಗುತ್ತದೆ. ಅಜ್ಜಿ ಕರಿದಾರಕ್ಕೆ ಬಜೆ ಬೇರಿನ ತುಂಡು, ಒಂದು ಕವಡೆ ಪೋಣಿಸಿ, ಮಾದಪ್ಪನ ಬೆಟ್ಟದ ವಿಭೂತಿ ಮುಟ್ಟಿಸಿ, ಆಸ್ಟ್ರೇಲಿಯಕ್ಕೆ ಹೊರಟಿದ್ದ ನೆಂಟರ ಕೈಯಲ್ಲಿ ಕಳಿಸಲು ಕೂತಳು. ರೂಲ್ಸಣ್ಣನಿಗೆ ಹೇಗೋ ವಾಸನೆ ಬಡಿಯಿತು.

"ಬಜೆ ಬೇರು ಗಿಡದ್ದು, ಕವಡೆ ಪ್ರಾಣೀದು. ಎರಡನ್ನೂ ಅಲ್ಲಿ ಇಳಿಯುವಾಗ ತುಂಬೋ ಕಾರ್ಡಿನಲ್ಲಿ ಬರೆದು ತೋರಿಸ್ಬೇಕು ಕನವ್ವ. ಬಚ್ಚಿಟ್ರೆ ದಂಡ. ಆ ದೇಶದೋರು ನಾಯಿ ವಿಚಾರದಲ್ಲಿ ಭಾಳ ಬಿಗಿ. 2015ರಲ್ಲಿ ಜಾನಿ ಡೆಪ್ ಅಂತ ಹಾಲಿವುಡ್ ಹೀರೊ, ಎರಡು ಪುಟ್ಟ ನಾಯೀನ ಹೇಳ್ದೆ ಕೇಳ್ದೆ ಸ್ವಂತ ವಿಮಾನದಲ್ಲಿ ತಂದುಬುಟ್ಟ. ಅಲ್ಲಿಯ ಕೃಷಿ ಮಂತ್ರಿ ಬಾರ್ನಬಿ ಜಾಯ್ಸ್, ನಾಯಿಗಳನ್ನ ವಾಪಸ್ ಕರ್ಕೊಂಡೋಗು, ಇಲ್ದಿದ್ರೆ ಸಾಯಿಸ್ತೀವಿ ಅಂದ. ಕೊನೆಗೆ ಗಂಡ ಹೆಂಡತಿ ಇಬ್ರೂ ಕ್ಯಾಮೆರಾ ಮುಂದೆ ಕೂತು ತಪ್ಪಾಯ್ತು ಅಂದ್ರು."

ಅಜ್ಜಿ ದಾರಕ್ಕೆ ಗಂಟು ಹಾಕುತ್ತಲೇ ಕೇಳಿದಳು: "ಅವ್ನು ನಮ್ಮ ಗಾಜನೂರು ರಾಜಣ್ಣನಿಗಿಂತ ದೊಡ್ಡೋನಾ?"

"ಅಷ್ಟೇನಿಲ್ಲ."

"ಮತ್ತೆ ತಪ್ಪು ಮಾಡ್ದ, ಕೇಳ್ದ. ನಾನು ಯಾಕೆ ಬಚ್ಚಿಡ್ಲಿ? ಬರೀ ಅದರಲ್ಲಿ, ದೃಷ್ಟಿ ಸಾಮಾನು ಅಂತ."

ಅದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುವುದು ಎಂದು ರೂಲ್ಸಣ್ಣ ಮೂರು ದಿನ ಒದ್ದಾಡಿದ. ಕೊನೆಗೆ ನೆಂಟರು ಕವಡೆ, ಬಜೆ ಇಲ್ಲೇ ಬಿಟ್ಟು ಬರೀ ದಾರ ಒಯ್ದರು. ಉಳಿದೆರಡನ್ನು ಅಜ್ಜಿ ಮೊಳೆಪಟ್ಟಿಯ ಲ್ಯಾಬ್ರಡಾರಿಗೆ ಕಟ್ಟಿದಳು. ಚಿರತೆ ಇನ್ನೂ ಆ ಕಡೆ ಸುಳಿದಿಲ್ಲ. ಯಶಸ್ಸು ಮೊಳೆಯದೋ ಬಜೆಯದೋ ಎಂಬ ಬಗ್ಗೆ ಊರಿನಲ್ಲಿ ಎರಡು ಪಕ್ಷಗಳಿವೆ.

ಹೋದ ಹಬ್ಬಕ್ಕೆ ಅಮೆರಿಕದ ಭಾವ ಬಂದ. ಸೂಟ್‌ಕೇಸಿನ ತಳದಲ್ಲಿ ನಾಯಿಗೆಂದು ಗಂಟು ಹಾಕಿದ ಚರ್ಮದ ಮೂಳೆಗಳ ಒಂದು ಪೊಟ್ಟಣ. ಮಾಂಸ, ಹಾಲು, ಮೀನು, ಕೋಳಿ ಪದಾರ್ಥ ಇದೆಯೇ ಎಂದು ವಿಮಾನ ನಿಲ್ದಾಣದ ಫಾರಂನಲ್ಲಿ ಕೇಳಿರುತ್ತಾರಲ್ಲ, ಏನು ಬರೆದೆ ಎಂದು ರೂಲ್ಸಣ್ಣ ಕೇಳುವ ಮೊದಲೇ ಹುಡುಗ ಪೊಟ್ಟಣ ತಿರುಗಿಸಿ, ಹಿಂಬದಿಯ ಸಣ್ಣಕ್ಷರ ಓದಿ, ಬಿದ್ದು ಬಿದ್ದು ನಗತೊಡಗಿದ. ಮೇಡ್ ಇನ್ ಇಂಡಿಯಾ. ನಮ್ಮ ಎಮ್ಮೆಯ ಚರ್ಮವನ್ನು ನಾಯಿ ಅಗಿಯುವ ಮೂಳೆ ಮಾಡಿ ಅಮೆರಿಕಕ್ಕೆ ಕಳಿಸುವ ಕಾರ್ಖಾನೆಗಳು ಈ ದೇಶದಲ್ಲಿ ಬೇಕಾದಷ್ಟಿವೆ. ಅಲ್ಲಿಗೆ ಹೋದ ಎಮ್ಮೆ ತಿರುಗಿ ಜೀರಹಳ್ಳಿಗೆ ಬಂದಿತ್ತು. ಟೀ ಅಂಗಡಿಯೇ ನಕ್ಕಿತು. ಇವತ್ತಿಗೆ ರೂಲ್ಸಣ್ಣನ ಕಥೆ ಮುಗಿಯಿತು ಎಂದುಕೊಂಡರು.

ಅವನು ಲೋಟ ಕೆಳಗಿಟ್ಟ.

"ನಮ್ಮದೇ ಸಾಮಾನು ಆಚೆ ಹೋಗಿ ವಾಪಸ್ ಬಂದ್ರೆ ಅದು ಮರು ಆಮದು. 1962ರ ಕಸ್ಟಮ್ಸ್ ಕಾಯಿದೆ, ಇಪ್ಪತ್ತನೇ ಕಲಂ. 2017ರ 45ನೇ ಅಧಿಸೂಚನೆ. ಮೂರು ವರ್ಷದೊಳಗೆ ಬಂದ್ರೆ ಒಂದು ಲೆಕ್ಕ, ಮೀರಿದ್ರೆ ಇನ್ನೊಂದು. ಕೊಡಿಲ್ಲಿ ಅದನ್ನ, ಯಾವ ತಾರೀಕು ಹೋಗಿದೆ ನೋಡಮ. ಏಯ್, ನಾಯೀನ ಒಸಿ ಹಿಡ್ಕಳಿ, ತಾರೀಕು ಓದಗಂಟ."