ಜೀರ್ಣಗೃಹ ಮೀಮಾಂಸೆ, ಅಥವಾ ‘ಒಂದು ದಿನದ ಕೆಲಸ’ವೆಂಬ ಕಾಲಮಾನದ ವಿಚಾರ

ಕಾಲವನ್ನು ಅಳೆಯುವ ವಿಷಯದಲ್ಲಿ ನಮ್ಮ ಪೂರ್ವಿಕರು ಎಂದೂ ಜಿಪುಣತನ ತೋರಿದವರಲ್ಲ. ಇಪ್ಪತ್ತನಾಲ್ಕು ನಿಮಿಷಗಳ ಘಟಿಯನ್ನೂ, ಎರಡು ಘಟಿಗಳ ಮುಹೂರ್ತವನ್ನೂ, ಮೂವತ್ತು ಮುಹೂರ್ತಗಳ ಅಹೋರಾತ್ರವನ್ನೂ ಕಲ್ಪಿಸಿ, ಅಷ್ಟಕ್ಕೆ ತೃಪ್ತರಾಗದೆ 432 ಕೋಟಿ ಮಾನವವರ್ಷಗಳನ್ನು ಬ್ರಹ್ಮದೇವನ ಒಂದು ಹಗಲೆಂದು ಗಣಿಸಿದ ಆ ಮಹನೀಯರು, ಈ ಎರಡು ತುದಿಗಳ ನಡುವೆ ಎಲ್ಲಿಯೋ ನೆಲೆಗೊಂಡಿರುವ ಒಂದು ಮುಖ್ಯವಾದ ಮಾನವನ್ನು ಮಾತ್ರ ಗ್ರಂಥಸ್ಥಗೊಳಿಸದೆ ಹೋದುದು ಜಿಜ್ಞಾಸುಗಳಿಗೆ ಸೋಜಿಗವನ್ನುಂಟುಮಾಡುತ್ತದೆ. ಚಿಕ್ಕೋಡಿ ಸೀಮೆಯ ಕಬ್ಬೂರಿನಲ್ಲಿ ಹಳೆಯ ಮಾಳಿಗೆಯ ಮನೆಯೊಂದಕ್ಕೆ ವಾರಸುದಾರರಾಗುವ ಯೋಗವುಳ್ಳವರಿಗೆಲ್ಲ ಆ ಮಾನವು ಚಿರಪರಿಚಿತವೇ. ಬಿರುಕುಬಿಟ್ಟ ಗೋಡೆಯ ಎದುರು ಗೌಂಡಿಯು ನಿಂತು, ಬಾಯೊಳಗಿನ ಎಲೆಯಡಿಕೆಯನ್ನು ಒಂದು ದವಡೆಗೆ ಸರಿಸಿ, “ಒಂದ ದಿನದ ಕೆಲಸ ಐತ್ರಿ” ಎಂದು ಉಚ್ಚರಿಸಿದ ಕ್ಷಣದಿಂದ ಆ ಕಾಲವು ಪ್ರವರ್ತಿಸತೊಡಗುತ್ತದೆ. ಅದರ ಅವಸಾನವು ಎಂದು ಎಂಬುದೇ ಪ್ರಸ್ತುತ ಪ್ರಬಂಧದ ಪ್ರಮೇಯ.

ಪ್ರಮೇಯಕ್ಕೆ ಅಧಿಷ್ಠಾನವಾದ ಮನೆಯನ್ನು ಮೊದಲು ವರ್ಣಿಸುವುದು ಸಂಪ್ರದಾಯ. ಕರಿಕಲ್ಲಿನ ಪಾಯ, ಅದರ ಮೇಲೆ ಮೊಳಕ್ಕೂ ಮಿಗಿಲಾದ ದಪ್ಪದ ಮಣ್ಣಿನ ಗೋಡೆ, ಕಟ್ಟೆ, ತಲಬಾಗಿಲು, ದನಗಳಿಲ್ಲದ ಗೋದಲಿ, ಪಡಸಾಲೆ, ಅದರಾಚೆ ನಡುಹಗಲಿನಲ್ಲಿಯೂ ದೀಪವನ್ನು ಬೇಡುವ ನಡುಮನೆ, ಅಲ್ಲಿಗೆ ಬೆಳಕನ್ನೂ ಮಳೆಯನ್ನೂ ಸಮದೃಷ್ಟಿಯಿಂದ ಇಳಿಬಿಡುವ ಬೆಳಕಿಂಡಿ. ಇಂಥ ಮನೆಯ ಜಂತೆಗಳಿಗೆ ಒರಲೆ ಹತ್ತುವ ಮೊದಲು ಉತಾರಕ್ಕೆ ಹೆಸರುಗಳು ಹತ್ತುತ್ತವೆ. ಅಜ್ಜನ ಒಂದು ಹೆಸರಿದ್ದೆಡೆ ಮಕ್ಕಳವು, ಮಕ್ಕಳವಿದ್ದೆಡೆ ಮೊಮ್ಮಕ್ಕಳವು ಸಾಲುಗಟ್ಟಿ ನಿಲ್ಲುತ್ತವೆ. ಅವರಲ್ಲಿ ಒಬ್ಬರು ಇಚಲಕರಂಜಿಯ ವಿದ್ಯುನ್ಮಗ್ಗಗಳ ಸದ್ದಿನಲ್ಲಿಯೂ, ಇನ್ನೊಬ್ಬರು ಪುಣೆಯಲ್ಲಿಯೂ, ಮತ್ತೊಬ್ಬರು ಬೆಳಗಾವಿಯಲ್ಲಿಯೂ ನೆಲೆಸಿರಲಾಗಿ, ಮಾಳಿಗೆಗೆ ಮಣ್ಣು ಹಾಕಿಸುವುದು ಸರ್ವರ ಹಕ್ಕಾಗಿ, ಆ ಕಾರಣದಿಂದಲೇ ಯಾರೊಬ್ಬರ ಕೆಲಸವೂ ಆಗದೆ ಉಳಿಯುತ್ತದೆ.

ಆ ಮಣ್ಣಿನ ವಿಷಯವು ಸ್ವತಂತ್ರವಾಗಿ ವಿಚಾರಾರ್ಹವಾಗಿದೆ. ಮಾಳಿಗೆಯನ್ನು ಕೆಳಗಿನಿಂದ ಮೇಲಕ್ಕೆ ಓದಿದರೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಒತ್ತೊತ್ತಾಗಿ ಹೊಂದಿಸಿದ ಕಟ್ಟಿಗೆಯ ಸೀಳು, ಅದರ ಮೇಲೆ ಸೊಪ್ಪುಸದೆ, ಅದರ ಮೇಲೆ ದಪ್ಪನಾದ ಮಣ್ಣು, ಕಟ್ಟಕಡೆಗೆ ಕರಲು ಮಣ್ಣು. ಸೋಡಿಯಂ ಲವಣಗಳು ತುಂಬಿರುವ ದೆಸೆಯಿಂದ ಈ ಕರಲಿನ ಜೇಡಿಯ ಕಣಗಳು ನೀರು ತಾಗಿದೊಡನೆ ಬಿಚ್ಚಿ, ಉಬ್ಬಿ, ರಂಧ್ರಗಳನ್ನೆಲ್ಲ ಮುಚ್ಚಿಕೊಂಡು ನೀರನ್ನು ಕೆಳಗಿಳಿಯಗೊಡುವುದಿಲ್ಲ. ಹೀಗಾಗಿ ಹೊಲದಲ್ಲಿ ಯಾವ ಅವಗುಣಕ್ಕಾಗಿ ಅದು ರೈತನಿಂದ ನಿಂದಿತವೋ ಅದೇ ಅವಗುಣಕ್ಕಾಗಿ ಮಾಳಿಗೆಯ ಮೇಲೆ ವಂದಿತವಾಗುತ್ತದೆ. ಆದರೆ ಅದನ್ನು ವರ್ಷವರ್ಷವೂ ಮೃಗಶಿರಾ ಮಳೆಗೆ ಮುಂಚೆ ಹೊಸದಾಗಿ ಹರವಿ ಬಡಿಯತಕ್ಕದ್ದು. ನಾಲ್ಕಾರು ವರ್ಷ ತಪ್ಪಿದರೆ ಮಾಳಿಗೆಯ ಮೇಲೆ ಹುಲ್ಲು ಬೆಳೆದು, ಆಡುಗಳು ಏರಿ, ಅವುಗಳ ಹಿಂದೆ ಹುಡುಗರು ಏರಿ, ಗೃಹವು ಗೋಮಾಳದ ಪದವಿಯನ್ನು ಹೊಂದುತ್ತದೆ. ಶಿಶುನಾಳ ಶರೀಫರು (1819–1889) ಸೋರುವ ಮಾಳಿಗೆಯನ್ನು ಕುರಿತು ಹಾಡಿದುದಕ್ಕೆ ಪಂಡಿತರು ದೇಹಪರವಾದ ಅರ್ಥವನ್ನೇ ಹೇಳುತ್ತ ಬಂದಿದ್ದಾರೆ. ಆಷಾಢದ ನಡುರಾತ್ರಿಯಲ್ಲಿ ಪಡಸಾಲೆಯ ತುಂಬ ತಪ್ಪಲೆ ಬೋಗುಣಿಗಳನ್ನು ಜೋಡಿಸಿ ಕುಳಿತವರಿಗೆ ವಾಚ್ಯಾರ್ಥವೇ ಬೇಕಾದಷ್ಟಾಯಿತು.

ಇನ್ನು ಗ್ರಂಥಪ್ರಮಾಣ. ಬೃಹತ್ಸಂಹಿತೆಯಲ್ಲಿ ವರಾಹಮಿಹಿರನು ವಜ್ರಲೇಪವೆಂಬುದೊಂದನ್ನು ವಿಧಿಸಿದ್ದಾನೆ. ಎಳೆಯ ತೂಬರೆಕಾಯಿ, ಎಳೆಯ ಬೇಲದಕಾಯಿ, ಬೂರುಗದ ಹೂ ಮೊದಲಾದವನ್ನು ಒಂದು ದ್ರೋಣ ನೀರಿನಲ್ಲಿ ಕುದಿಸಿ, ಎಂಟರಲ್ಲಿ ಒಂದು ಪಾಲಿಗೆ ಇಳಿಸಿ, ಅಂಟುಗಳನ್ನು ಬೆರೆಸಿ, ಬಿಸಿಯಾಗಿರುವಾಗಲೇ ಗೋಡೆಗೆ ಹಚ್ಚಿದುದಾದರೆ ಅದು ಸಾವಿರ ಅಯುತ ವರ್ಷ, ಅಂದರೆ ಒಂದು ಕೋಟಿ ವರ್ಷ, ನಿಲ್ಲುವುದೆಂದು ಆತನ ಅಭಿಪ್ರಾಯ. ಅತ್ತ ರೋಮಿನ ಪ್ಲಿನಿಯು, ಅರಳಿಸಿ ಮೂರು ವರ್ಷವಾಗದ ಸುಣ್ಣವನ್ನು ಗುತ್ತಿಗೆದಾರನು ಮುಟ್ಟಕೂಡದೆಂಬ ಪ್ರಾಚೀನ ಕಟ್ಟಳೆಯೊಂದನ್ನು ಉಲ್ಲೇಖಿಸಿದ್ದಾನೆ. ಈ ಉಭಯ ಪ್ರಮಾಣಗಳನ್ನೂ ಗೌಂಡಿಯ ಮುಂದೆ ಸವಿನಯವಾಗಿ ಮಂಡಿಸಲಾಗಿ ಆತನು ಇತ್ತ ಉತ್ತರವಿದು: “ಮೂರ ವರ್ಷ ಕಾದರ ಗ್ವಾಡೀನ ಇರೂದಿಲ್ರಿ ಸಾವಕಾರ್ರ. ಬೇಲದಕಾಯಿ ಚಟ್ನಿ ಮಾಡಸ್ರಿ, ನನಗ ಎರಡ ಚೀಲ ಸಿಮಿಟ ತರಸ್ರಿ.”

ಪ್ರತ್ಯಕ್ಷಪ್ರಮಾಣವು ಶಬ್ದಪ್ರಮಾಣವನ್ನು ಹೀಗೆ ಬಾಧಿಸಿದರೂ, ಈ ಒಂದು ಅಂಶದಲ್ಲಿ ಪ್ರಬಂಧಕಾರನು ಗೌಂಡಿಯೊಡನೆ ಸಮ್ಮತಿಸಲಾರ. 1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಎಂಬವನು ಸನದು ಪಡೆದ ಪೋರ್ಟ್‌ಲ್ಯಾಂಡ್ ಸಿಮೆಂಟು ಗಟ್ಟಿ ಪದಾರ್ಥವೇ ಅಹುದು; ಆದರೆ ಮಣ್ಣಿನ ಗೋಡೆಯು ಮಳೆಗಾಲದಲ್ಲಿ ತೇವವನ್ನು ಹೀರಿ ಬೇಸಗೆಯಲ್ಲಿ ಬಿಟ್ಟುಕೊಡುತ್ತ ಬದುಕುವಂಥದು. ಅದರ ಮೈಗೆ ಸಿಮೆಂಟಿನ ಗಿಲಾವು ಹೊದಿಸಿದರೆ ತೇವವು ಹಿಂದೆಯೇ ನಿಂತು, ಮಣ್ಣು ಮೆತ್ತಗಾಗಿ, ಒಂದು ದಿನ ಗಿಲಾವು ಹಾಳೆಹಾಳೆಯಾಗಿ ಕಳಚಿ ನೆಲಕ್ಕೆ ಬರುತ್ತದೆ. ಸುಣ್ಣದ ಪರಿ ಬೇರೆ. ಸುಮಾರು 900 ಡಿಗ್ರಿ ಉಷ್ಣದಲ್ಲಿ ಬೆಂದು ತಾನು ಗೂಡಿನಲ್ಲಿ ಕಳೆದುಕೊಂಡ ಇಂಗಾಲದ ಡೈಆಕ್ಸೈಡನ್ನು ಅದು ಗೋಡೆಯ ಮೇಲೆ ನಿಂತು ಗಾಳಿಯಿಂದ ಮೆಲ್ಲಮೆಲ್ಲನೆ ಮರಳಿ ಸಂಪಾದಿಸಿ ಕಲ್ಲಾಗುತ್ತದೆ. ಗೌಂಡಿಯ ಕಾಲಗಣನೆಗೆ ಇಷ್ಟೊಂದು ಅನುರೂಪವಾದ ವಸ್ತುವನ್ನು ಗೌಂಡಿಯೇ ನಿರಾಕರಿಸುವುದು ಶಾಸ್ತ್ರದ ದುರ್ದೈವ.

ಈಗ ಮುಖ್ಯ ವಿಚಾರಕ್ಕೆ ಬರೋಣ. ಒಂದು ದಿನದ ಕೆಲಸದಲ್ಲಿ ದಿನವು ಎಷ್ಟು, ಕೆಲಸವು ಎಷ್ಟು ಎಂದು ವಿಭಾಗಿಸಲಾಗಿ, ಅದರ ಬಹುಭಾಗವು ಗೌಂಡಿಯ ಅಭಾವದಿಂದಲೇ ರಚಿತವಾಗಿರುವುದು ತಿಳಿದುಬರುತ್ತದೆ. ಆದಕಾರಣ ಅಭಾವವನ್ನು ಒಂದು ಪದಾರ್ಥವೆಂದೇ ಅಂಗೀಕರಿಸಿ, ಅದನ್ನು ನಾಲ್ಕಾಗಿ ವಿಂಗಡಿಸಿದ ನ್ಯಾಯವೈಶೇಷಿಕರಿಗಿಂತ ಉತ್ತಮರಾದ ಮಾರ್ಗದರ್ಶಕರು ನಮಗೆ ದೊರೆಯಲಾರರು. ತರ್ಕಸಂಗ್ರಹಕಾರನಾದ ಅನ್ನಂಭಟ್ಟನು ಹಳೆಯ ಮನೆಯನ್ನು ದುರಸ್ತಿ ಮಾಡಿಸಿದ್ದನೋ ಎಂಬ ಅನುಮಾನವೂ ಇಲ್ಲಿ ಸಹಜವಾಗಿ ಹುಟ್ಟುತ್ತದೆ. ಮೊದಲನೆಯದು ಪ್ರಾಗಭಾವ, ಅನಾದಿಯಾದರೂ ಅಂತ್ಯವುಳ್ಳದ್ದು: ಗೌಂಡಿಯು ಇನ್ನೂ ಬಾರದಿರುವ ಸ್ಥಿತಿ. ಇದಕ್ಕೆ ಆರಂಭವಿಲ್ಲ, ಆದರೆ ಆತ ಬಂದೊಡನೆ ನಾಶವಾಗುತ್ತದೆ. ಎರಡನೆಯದು ಪ್ರಧ್ವಂಸಾಭಾವ, ಆದಿಯುಂಟು, ಅಂತ್ಯವಿಲ್ಲ: ಆತ ಬಂದು, ನಡುಮನೆಯ ಗೋಡೆಯ ಹಳೆಯ ಗಿಲಾವನ್ನು ಅಡಿಯಿಂದ ಮುಡಿಯವರೆಗೆ ಕೆತ್ತಿ ಕೆಡವಿ, ಮುಂಗಡ ಪಡೆದು, ಬುಟ್ಟಿ ಸಲಿಕೆಗಳನ್ನು ನಮ್ಮ ಪಡಸಾಲೆಯಲ್ಲಿಯೇ ವಿಶ್ವಾಸದ ಕುರುಹಾಗಿ ಬಿಟ್ಟು ಹೋದ ತರುವಾಯದ ಸ್ಥಿತಿ.

ಮೂರನೆಯದಾದ ಅತ್ಯಂತಾಭಾವವು ವ್ಯಕ್ತಿನಿಷ್ಠವಲ್ಲ, ಊರಿಗೆ ಊರೇ ವ್ಯಾಪಿಸುವಂಥದು. ಅಮಾವಾಸ್ಯೆಯಂದು ಕೆಲಸವಿಲ್ಲ. ಸಂತೆಯಂದು ಅರ್ಧ ದಿನ, ಆ ಅರ್ಧವೂ ಸಂತೆಗೆ ಹೋಗುವ ಸಿದ್ಧತೆಗೆ ಮೀಸಲು. ಭಾರತ ಹುಣ್ಣಿಮೆಗೆ ರಾಯಬಾಗ ತಾಲೂಕಿನ ಚಿಂಚಲಿಯಲ್ಲಿ ಮಾಯಕ್ಕದೇವಿಯ ಜಾತ್ರೆ. ಚಕ್ಕಡಿಗಳು ಸಾಲುಹಿಡಿದು ಹೊರಟವೆಂದರೆ ಗೌಂಡಿ, ಆಳು, ಬಡಿಗ ಎಂಬ ಭೇದವಳಿದು ಎಲ್ಲರೂ ಭಕ್ತರೇ. ಇದಕ್ಕೆಲ್ಲ ಮಿಗಿಲಾದುದು ಕಬ್ಬಿನ ಹಂಗಾಮು. ಕಾರ್ಖಾನೆಗಳ ಹೊಗೆಕೊಳವೆ ಹೊಗೆಯಾಡತೊಡಗಿದ ಮೇಲೆ ಕೃಷ್ಣೆಯ ಈಚೆಯ ಊರುಗಳಲ್ಲಿ ಎರಡು ಕೈಯುಳ್ಳವರೆಲ್ಲ ಕಬ್ಬಿನ ಪಾಲು, ನಾಲ್ಕು ಗಾಲಿಯುಳ್ಳವೆಲ್ಲ ಕಾರ್ಖಾನೆಯ ಪಾಲು.

ನಾಲ್ಕನೆಯದು ಅನ್ಯೋನ್ಯಾಭಾವ. ಘಟವು ಪಟವಲ್ಲ, ಪಟವು ಘಟವಲ್ಲವೆಂದು ತಾರ್ಕಿಕರು ಇದಕ್ಕೆ ಕೊಡುವ ಉದಾಹರಣೆ ಕಬ್ಬೂರಿನ ಮಟ್ಟಿಗೆ ನೀರಸವಾದುದು. ಗೌಂಡಿ ಬಂದ ದಿನ ಉಸುಕು ಇಲ್ಲ. ಉಸುಕು ಬಂದ ದಿನ ಗೌಂಡಿ ಇಲ್ಲ. ಇಬ್ಬರೂ ಕೂಡಿದ ದಿನ ನಳದಲ್ಲಿ ನೀರಿಲ್ಲ. ಈ ಮೂವರ ಸಂಯೋಗವು ಗ್ರಹಣಕ್ಕಿಂತ ವಿರಳವಾದರೂ ಗ್ರಹಣದಂತೆ ಪಂಚಾಂಗದಲ್ಲಿ ಮೊದಲೇ ಮುದ್ರಿತವಾಗುವುದಿಲ್ಲ.

ಹಾಗೆಂದು ಸಂಯೋಗವು ಘಟಿಸಿದ ದಿನದ ಸೊಗಸನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಹಿಂದಿನ ರಾತ್ರಿಯೇ ಹೊಟ್ಟು ಬೆರೆಸಿ ತುಳಿದು ನೆನೆಯಿಟ್ಟ ಮಣ್ಣಿನ ಹುಳಿವಾಸನೆ ಅಂಗಳವನ್ನು ತುಂಬಿರುತ್ತದೆ. ಗೌಂಡಿ ಕಾಕಾ ಸಲಕರಣೆಯ ಹಿಡಿಯಿಂದ ಗೋಡೆಯನ್ನು ಅಂಗುಲ ಅಂಗುಲವಾಗಿ ತಟ್ಟುತ್ತ, ತಲೆಯನ್ನು ಓರೆಮಾಡಿ ಕೇಳುತ್ತ ಸಾಗುವನು. ಎಲ್ಲಿ ಸಪ್ಪಳವು ಪೊಳ್ಳಾಗಿ ಬಂದಿತೋ ಅಲ್ಲಿ ನಿಲ್ಲುವನು. ನೀರು ಚಿಮುಕಿಸಿ, ಮಣ್ಣಿನ ಮುದ್ದೆಯನ್ನು ಬೀಸಿ ಹೊಡೆದು, ಅಂಗೈಯಿಂದ ಒಮ್ಮೆ ಸವರಿದನೆಂದರೆ ನೂರು ವರ್ಷದ ಗೋಡೆಗೂ ಹೊಸ ಗೋಡೆಗೂ ನಡುವೆ ಗೆರೆ ಕಾಣದು. ದುರದೃಷ್ಟವೆಂದರೆ ತಟ್ಟಿದಲ್ಲೆಲ್ಲ ಮತ್ತೊಂದು ದಿನದ ಕೆಲಸ ಗರ್ಭಸ್ಥವಾಗಿರುತ್ತದೆ. ಪೊಳ್ಳು ಬಂದೆಡೆ ಬಿಚ್ಚಲಾಗಿ ಯಾವ ಕಾಲದಲ್ಲಿಯೋ ಮುಚ್ಚಿದ ಮಾಡವೊಂದು ತೆರೆದುಕೊಂಡು, ಅದರೊಳಗೆ ಅರ್ಧ ಉರಿದ ಬತ್ತಿಯ ಹಣತೆಯೂ ತುಕ್ಕುಹಿಡಿದ ಅಡಕತ್ತರಿಯೂ ದೊರೆತವು. ಮಾಡದ ಮೇಲಿನ ಜಂತೆಯ ತುದಿಯನ್ನು ಬೆರಳಿನಿಂದ ಒತ್ತಲಾಗಿ ಬೆರಳು ಒಳಗೆ ಹೋಯಿತು. ಗೌಂಡಿ ಕಾಕಾ ಬೆರಳನ್ನು ಹೊರಗೆಳೆದು, ಧೋತರಕ್ಕೆ ಒರೆಸಿಕೊಂಡು, “ಇದು ಬಡಿಗ್ಯಾರದ್ರಿ. ಅವರಿಗೂ ಒಂದ ದಿನದ ಕೆಲಸ” ಎಂದನು. ಈ ಮಾನವು ವೃತ್ತಿಯಿಂದ ವೃತ್ತಿಗೆ ಬದಲಾಗದೆ ಸಾರ್ವತ್ರಿಕವಾಗಿರುವುದು ಇದರಿಂದ ಸಿದ್ಧವಾಗುತ್ತದೆ.

ಇಲ್ಲಿಗೆ ಪೂರ್ವಪಕ್ಷ. ಉತಾರದಲ್ಲಿ ಹೆಸರುಳ್ಳ ಇಚಲಕರಂಜಿಯ ಅಣ್ಣನವರು ಒಮ್ಮೆ ಊರಿಗೆ ಬಂದವರು, ಕೆತ್ತಿದ ಗೋಡೆಯನ್ನೂ ಊರುಗೋಲು ಕೊಟ್ಟ ತೊಲೆಯನ್ನೂ ಅವಲೋಕಿಸಿ, “ಜೇಸೀಬಿ ಹಚ್ಚಿ ಕೆಡವಿ ಸ್ಲ್ಯಾಬಿನ ಮನಿ ಕಟ್ಟಸೋ ತಮ್ಮಾ. ಜೇಸೀಬಿಗೆ ಖರೇನ ಒಂದ ದಿನದ ಕೆಲಸ” ಎಂದರು. ಇದು ಗಂಭೀರವಾದ ಆಕ್ಷೇಪ. ಯಂತ್ರವೊಂದು ಸೂರ್ಯೋದಯದಿಂದ ಸೂರ್ಯಾಸ್ತದೊಳಗೆ ಕೆಲಸವನ್ನು ಮುಗಿಸಿಬಿಟ್ಟರೆ ಸೌರದಿನವೂ ಗೌಂಡಿಯ ದಿನವೂ ಒಂದೇ ಎಂದಾಗಿ, ಈವರೆಗಿನ ಸಿದ್ಧಾಂತವೆಲ್ಲ ಕುಸಿದುಬೀಳುತ್ತದೆ. ಮನೆ ಕುಸಿಯುವುದಕ್ಕಿಂತ ಪ್ರಬಂಧಕಾರನಿಗೆ ಅದು ಹೆಚ್ಚಿನ ಹಾನಿ. ಆದಕಾರಣ ನಿಪ್ಪಾಣಿ–ಮುಧೋಳ ರಸ್ತೆಯ ಬದಿಗೆ ಯಂತ್ರವನ್ನು ನಿಲ್ಲಿಸಿಕೊಂಡು ಚಹಾ ಕುಡಿಯುತ್ತಿದ್ದ ಚಾಲಕನನ್ನೇ ನಾವಿಬ್ಬರೂ ಕೂಡಿ ಹೋಗಿ ವಿಚಾರಿಸಿದೆವು.

“ಕೆಡವೂದು ಎರಡ ತಾಸಿನ ಮಾತ್ರಿ,” ಎಂದನಾತ. ಅಣ್ಣನವರು ನನ್ನ ಕಡೆಗೆ ವಿಜಯದೃಷ್ಟಿಯನ್ನು ಬೀರಿದರು. ಆತ ಬಟ್ಟಲನ್ನು ಕೆಳಗಿಟ್ಟು ಮುಂದುವರಿಸಿದನು: “ಆದರ ಅಷ್ಟ ಮಣ್ಣ ಸಾಗಸಾಕ ಟ್ರ್ಯಾಕ್ಟರ ಬೇಕಲ್ರಿ ಅಣ್ಣಾರ? ಟ್ರ್ಯಾಕ್ಟರ ಎಲ್ಲಾ ಕಬ್ಬಿಗೆ ಹೋಗ್ಯಾವು. ಹಂಗಾಮ ಮುಗೀಲಿ, ಒಂದ ದಿನದ ಕೆಲಸ.”

ಅಣ್ಣನವರು ಅಂದು ಸಂಜೆಯ ಬಸ್ಸಿಗೇ ಹೊರಟರು. ಹತ್ತುವ ಮುನ್ನ ಕರಲು ಮಣ್ಣಿನ ತಮ್ಮ ಪಾಲಿನ ಹಣವನ್ನು ಎಣಿಸಿ ಕೊಟ್ಟರು.